ಪ್ರತಿಜ್ಞೆ ಸಾಕು, ಇಕ್ಕಳ ಕೊಡಿ

ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿಯೊಬ್ಬರು ನೊಂದು ಬರೆದ ದೀರ್ಘ ಪತ್ರವೊಂದು ನಮ್ಮ ಮುಂದಿದೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಅವರು ಸುಸ್ಥಿರ ಬಳಕೆಯ ಬಗ್ಗೆ ಶ್ರದ್ಧೆಯಿಂದ ಪಾಠ ಮಾಡಿದ್ದಾರೆ. ಮಕ್ಕಳು ಭಿತ್ತಿಪತ್ರ ಬರೆದಿದ್ದಾರೆ, ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡಿದ್ದಾರೆ, ಥರ್ಮೋಕೋಲಿನ ಹಲಗೆಯ ಮೇಲೆ ‘ಭೂಮಿಯನ್ನು ಉಳಿಸಿ’ ಎಂದು ಬಣ್ಣದ ಅಕ್ಷರಗಳನ್ನೂ ಅಂಟಿಸಿದ್ದಾರೆ. ಮರುವಾರವೇ ಅದೇ ಮಕ್ಕಳು ಹೊಸ ಫೋನ್ ಕವರುಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು ಸಂಭ್ರಮಿಸುತ್ತಿದ್ದುದನ್ನು ಕಂಡು ಅವರಿಗೆ ಬೇಸರವಾಗಿದೆ. ‘ಈ ಪೀಳಿಗೆಗೆ ಮನಸ್ಸಾಕ್ಷಿ ಇಲ್ಲವೇ?’ ಎಂದು ಕೇಳಿ, ಹದಿಹರೆಯದವರು ಪಾಲಿಸಬೇಕಾದ ಹತ್ತು ಸೂತ್ರಗಳನ್ನು ಪತ್ರಿಕೆಯಲ್ಲಿ ಪ್ರಕಟಿಸಿದರೆ ತರಗತಿಯ ಗೋಡೆಗೆ ಅಂಟಿಸುವುದಾಗಿ ತಿಳಿಸಿದ್ದಾರೆ.

ಮೇಡಂ, ನಿಮ್ಮ ಕಾಳಜಿಗೆ ನಮಸ್ಕಾರ. ಹತ್ತು ಸೂತ್ರಗಳನ್ನು ಮಾತ್ರ ನಾವು ಪ್ರಕಟಿಸುವುದಿಲ್ಲ. ನಿಮ್ಮ ಗೋಡೆಯಲ್ಲಿ ಈಗಾಗಲೇ ಸಾಕಷ್ಟು ಸೂತ್ರಗಳಿರಬೇಕು. ಅಷ್ಟೂ ಸೂತ್ರಗಳ ಕೆಳಗೇ ಆ ಫೋನ್ ಕವರುಗಳು ಕೈಯಿಂದ ಕೈಗೆ ದಾಟಿದವು ಎಂಬುದನ್ನು ನೀವೇ ಬರೆದಿದ್ದೀರಿ.

ಅರಿವು ಮೂಡಿಸುವ ಪಾಠಗಳೆಲ್ಲ ವ್ಯರ್ಥ ಎಂಬುದು ನನ್ನ ವಾದವಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್, ಅದರಲ್ಲಿ ದೊಡ್ಡ ಪಾಲು ಮನೆಗಳದ್ದು. ಇಂಥ ಸಂಗತಿ ಮಕ್ಕಳಿಗೆ ತಿಳಿದಿರಬೇಕು, ತಟ್ಟೆಯಲ್ಲಿ ಬಿಟ್ಟದ್ದನ್ನು ಒಂದು ವಾರ ತೂಗಿ ನೋಡುವುದರಿಂದ ಒಳ್ಳೆಯದೇ ಆಗುತ್ತದೆ. ಅಷ್ಟನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ಏಕೆಂದರೆ ತಪ್ಪನ್ನೆಲ್ಲ ಬಳಸುವವನ ತಲೆಗೆ ಕಟ್ಟಿ, ಅವನಿಂದಲೇ ಪ್ರತಿಜ್ಞೆ ಮಾಡಿಸುವ ಈ ಪದ್ಧತಿಯನ್ನು ಬೆಳೆಸಿದವರಲ್ಲಿ ಶಿಕ್ಷಕರಿಗಿಂತ ಮೊದಲು ಡಬ್ಬಿ ಮತ್ತು ಬಾಟಲಿ ಮಾಡುವವರಿದ್ದರು. 1953ರಲ್ಲಿ ಅಮೆರಿಕದಲ್ಲಿ ‘ಕೀಪ್ ಅಮೆರಿಕ ಬ್ಯೂಟಿಫುಲ್’ ಎಂಬ ಸಂಸ್ಥೆ ಹುಟ್ಟಿದಾಗ ಅದರ ಬೆನ್ನಿಗೆ ನಿಂತವರಲ್ಲಿ ಪಾನೀಯ ಮತ್ತು ಪ್ಯಾಕೇಜಿಂಗ್ ಉದ್ಯಮಗಳು ಪ್ರಮುಖವಾಗಿದ್ದವು. ಆ ಸಂಸ್ಥೆ 1971ರಲ್ಲಿ ತಂದ ಟಿವಿ ಜಾಹೀರಾತಿನಲ್ಲಿ ಮೂಲನಿವಾಸಿಯ ವೇಷದ ವ್ಯಕ್ತಿಯೊಬ್ಬ ಕಸ ಕಂಡು ಕಣ್ಣೀರಿಡುತ್ತಾನೆ. ಮಾಲಿನ್ಯ ಶುರುಮಾಡುವವರೂ ಜನ, ನಿಲ್ಲಿಸಬಲ್ಲವರೂ ಜನ ಎಂದು ಹಿನ್ನೆಲೆಯ ದನಿ ಹೇಳುತ್ತದೆ. ಆ ನಟ ಇಟಲಿ ಮೂಲದವನಾಗಿದ್ದ ಎಂಬುದು ಬೇರೆ ಮಾತು. ಖಾಲಿ ಬಾಟಲಿಗಳನ್ನು ಠೇವಣಿ ಹಣ ಕೊಟ್ಟು ವಾಪಸು ಪಡೆಯಬೇಕೆಂಬ ಕಾನೂನುಗಳನ್ನು ಅದೇ ಉದ್ಯಮ ಅದೇ ಕಾಲದಲ್ಲಿ ವಿರೋಧಿಸುತ್ತಿತ್ತು. ಮುಂದೆ 2000ದ ದಶಕದಲ್ಲಿ ಬಿಪಿ ಎಂಬ ತೈಲ ಕಂಪನಿಯು ಪ್ರತಿಯೊಬ್ಬರೂ ತಮ್ಮ ‘ಇಂಗಾಲದ ಹೆಜ್ಜೆಗುರುತು’, ಅಂದರೆ ತಮ್ಮ ಬಳಕೆಯಿಂದ ಗಾಳಿಗೆ ಸೇರುವ ಇಂಗಾಲದ ಪ್ರಮಾಣ, ಲೆಕ್ಕ ಹಾಕಿಕೊಳ್ಳಲು ಕ್ಯಾಲ್ಕುಲೇಟರ್ ಒದಗಿಸಿತು. ಎಣ್ಣೆ ತೆಗೆದು ಮಾರುವವರು ಲೆಕ್ಕದ ಪುಸ್ತಕವನ್ನು ಗಿರಾಕಿಯ ಕೈಗೆ ದಾಟಿಸಿದ ಬಗೆ ಇದು. ಆ ಪುಸ್ತಕವನ್ನೇ ನೀವು ಹದಿನಾಲ್ಕು ವರ್ಷದ ಮಕ್ಕಳ ಮುಂದೆ ಇಡುತ್ತಿದ್ದೀರಿ ಎಂಬುದಷ್ಟೇ ನನ್ನ ಆಕ್ಷೇಪ.

ಈ ಪುಸ್ತಕದಲ್ಲಿ ಕೂಡುವ ಕಳೆಯುವ ಲೆಕ್ಕವೂ ಸರಿಯಿರುವುದಿಲ್ಲ. ಚಾರ್ಜರನ್ನು ಪ್ಲಗ್ಗಿನಿಂದ ತೆಗೆದಿಡಿ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಒಂದು ಫೋನು ತನ್ನ ಆಯುಷ್ಯದುದ್ದಕ್ಕೂ ಉಂಟುಮಾಡುವ ಇಂಗಾಲದ ಹೊರೆಯಲ್ಲಿ ಬಹುಪಾಲು ಗಣಿಯಲ್ಲಿ, ಚಿಪ್ ಕಾರ್ಖಾನೆಯಲ್ಲಿ, ಅಂದರೆ ಅದು ಹುಡುಗನ ಜೇಬು ಸೇರುವ ಮೊದಲೇ ಆಗಿಹೋಗಿರುತ್ತದೆ. ಅದೇ ಫೋನನ್ನು ಇನ್ನೆರಡು ವರ್ಷ ನಡೆಸುವುದರ ಮುಂದೆ ಪ್ಲಗ್ಗಿನ ಉಳಿತಾಯ ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಆದರೆ ನಡೆಸುವುದು ಹೇಗೆ ಎಂಬುದನ್ನು ನಾವು ಯಾವ ತರಗತಿಯಲ್ಲೂ ಕಲಿಸುವುದಿಲ್ಲ.

ನನ್ನ ತಂಗಿಯ ಮಗಳು ಶಾಲೆಯ ಚೀಲವೊಂದನ್ನು ಎಸೆಯಲು ತೆಗೆದಿಟ್ಟಿದ್ದಳು. ಬಟ್ಟೆ ಗಟ್ಟಿಯಾಗಿತ್ತು, ಹೊಲಿಗೆ ಬಿಟ್ಟಿರಲಿಲ್ಲ. ಜಿಪ್ಪನ್ನು ಎಳೆದರೆ ಮುಂದೆ ಹಲ್ಲು ಕೂಡಿ ಹಿಂದೆ ಬಿಚ್ಚಿಕೊಳ್ಳುತ್ತಿತ್ತು, ಅಷ್ಟೇ ಕಾಯಿಲೆ. ಇಂಥ ಜಿಪ್ಪಿನಲ್ಲಿ ಸಾಮಾನ್ಯವಾಗಿ ಹಲ್ಲುಗಳು ನೆಟ್ಟಗಿರುತ್ತವೆ, ಅವುಗಳ ಮೇಲೆ ಓಡಾಡುವ ಲೋಹದ ಗುಂಡಿಯ ಬಾಯಿ ಬಳಸಿ ಬಳಸಿ ಸ್ವಲ್ಪ ಅಗಲವಾಗಿರುತ್ತದೆ. ಗುಂಡಿಯನ್ನು ಜಿಪ್ಪಿನ ಆರಂಭದ ತುದಿಗೆ ತಂದು, ಅದರ ಎರಡೂ ಅಂಚುಗಳನ್ನು ಇಕ್ಕಳದಿಂದ ಒಂದೊಂದಾಗಿ, ಮೇಲಿನ ತಗಡು ಕೆಳಗಿನದಕ್ಕೆ ಕೂದಲೆಳೆಯಷ್ಟು ಹತ್ತಿರ ಬರುವಂತೆ ಒತ್ತಬೇಕು. ಹೆಚ್ಚು ಒತ್ತಿದರೆ ಗುಂಡಿ ಕಚ್ಚಿಕೊಂಡು ಓಡುವುದೇ ಇಲ್ಲ. ಇಕ್ಕಳವನ್ನು ಅವಳ ಕೈಗೇ ಕೊಟ್ಟೆ. ಒತ್ತಿದಳು, ಎಳೆದಳು, ಹಲ್ಲುಗಳು ಕೂಡಿಕೊಂಡವು. ‘ಇಷ್ಟೇನಾ?’ ಎಂದವಳ ದನಿಯಲ್ಲಿ ಸಂತೋಷದ ಜೊತೆಗೆ ಕೊಂಚ ಸಿಟ್ಟೂ ಇತ್ತು. ಅದೇ ಸಂಜೆ ಮನೆಯ ಜಿಪ್ಪುಗಳನ್ನೆಲ್ಲ ಹುಡುಕಿ ತಂದು ಪರೀಕ್ಷೆ ಮಾಡಿದಳು.

ಆ ಸಿಟ್ಟು ಬೆಲೆಯುಳ್ಳದ್ದು, ಮೇಡಂ. ನಿಮ್ಮ ಮಕ್ಕಳಿಗೆ ಮನಸ್ಸಾಕ್ಷಿ ಇಲ್ಲವೆನ್ನುತ್ತೀರಿ. ಹದಿಹರೆಯದವರಿಗೆ ಉಪದೇಶ ಕೇಳುವ ಕಿವಿ ಕಡಿಮೆ ಇರಬಹುದು, ಮೋಸ ಹೋದೆವೆಂದು ಗೊತ್ತಾದಾಗ ಕೆರಳುವ ಸ್ವಾಭಿಮಾನ ಧಾರಾಳವಾಗಿದೆ. ಟೆಕ್ಸಾಸಿನಲ್ಲಿ ಎಂಟನೆಯ ತರಗತಿಯ ಮಕ್ಕಳ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದು ಗುಂಪಿಗೆ ಆರೋಗ್ಯದ ಪಾಠವನ್ನು ಎಂದಿನಂತೆ ಹೇಳಿದರು. ಇನ್ನೊಂದು ಗುಂಪಿಗೆ ತಿಂಡಿ ಕಂಪನಿಗಳು ಮಕ್ಕಳನ್ನು ಮರುಳು ಮಾಡಲು ಹೂಡುವ ತಂತ್ರಗಳನ್ನು ಬಿಡಿಸಿಟ್ಟರು. ಮರುದಿನ ತಿಂಡಿ ಆರಿಸಿಕೊಳ್ಳುವಾಗ ಎರಡನೆಯ ಗುಂಪೇ ಹೆಚ್ಚು ವಿವೇಕ ತೋರಿತು. ನಿಮ್ಮ ತರಗತಿಗೆ ಬೇಕಾಗಿರುವುದೂ ಈ ಬಗೆಯ ಪಾಠ.

ಅದಕ್ಕೆ ಸಾಮಗ್ರಿಯ ಕೊರತೆಯಿಲ್ಲ. 1924ರಲ್ಲಿ ಓಸ್ರಾಮ್, ಫಿಲಿಪ್ಸ್ ಮೊದಲಾದ ಬಲ್ಬ್ ತಯಾರಕರು ಜಿನೀವಾದಲ್ಲಿ ಸೇರಿ ಫೀಬಸ್ ಎಂಬ ಕೂಟ ಕಟ್ಟಿಕೊಂಡರು. ಅಲ್ಲಿಯವರೆಗೆ ಒಂದೂವರೆಯಿಂದ ಎರಡು ಸಾವಿರ ಗಂಟೆ ಉರಿಯುತ್ತಿದ್ದ ಬಲ್ಬಿನ ಆಯುಷ್ಯವನ್ನು ಒಂದು ಸಾವಿರ ಗಂಟೆಗೆ ಇಳಿಸಿದರು, ಅದಕ್ಕಿಂತ ಹೆಚ್ಚು ಬಾಳುವ ಬಲ್ಬು ಮಾಡಿದ ಸದಸ್ಯರಿಗೆ ದಂಡ ಹಾಕಿದರು. ಬೇಗ ಕೆಡುವ ಬಲ್ಬು ಹೆಚ್ಚು ಪ್ರಕಾಶ ಕೊಡುತ್ತದೆಂಬ ಸಮರ್ಥನೆಯಲ್ಲಿ ಭೌತಶಾಸ್ತ್ರದ ಮಟ್ಟಿಗೆ ಸತ್ಯವಿದೆ. ನೀವು ವಿಜ್ಞಾನ ಶಿಕ್ಷಕಿಯಾದ್ದರಿಂದ ಅದನ್ನೂ ತರಗತಿಯಲ್ಲಿ ಹೇಳಬಹುದು. ಬಾಳಿಕೆಗೆ ದಂಡ ಏಕೆ ಎಂಬುದಕ್ಕೆ ಭೌತಶಾಸ್ತ್ರದಲ್ಲಿ ಉತ್ತರ ಸಿಗುವುದಿಲ್ಲ.

ಇವತ್ತು ಕೂಟದ ಅಗತ್ಯವೂ ಇಲ್ಲ, ಅಂಟು ಸಾಕು. ಹಿಂದೆ ಉಗುರಿನಿಂದ ಬಿಚ್ಚಿ ಬ್ಯಾಟರಿ ಬದಲಿಸಬಹುದಾಗಿದ್ದ ಫೋನನ್ನು ಈಗ ತೆರೆಯಬೇಕಾದರೆ ಅಂಚನ್ನು ಬಿಸಿ ಮಾಡಿ, ಅಂಟು ಸಡಿಲಿಸಿ, ಗಾಜು ಒಡೆಯದಂತೆ ಎಬ್ಬಿಸಬೇಕು. ಒಳಗೆ ಬ್ಯಾಟರಿಯನ್ನೂ ಅಂಟಿಸಿರುತ್ತಾರೆ. ಕೆಲವು ಫೋನುಗಳ ತಿರುಪಿಗೆ ಐದು ದಳದ ಹೂವಿನ ಆಕಾರದ ತಲೆ, ಮನೆಯಲ್ಲಿರುವ ಯಾವ ಸ್ಕ್ರೂಡ್ರೈವರೂ ಅದಕ್ಕೆ ಕೂರುವುದಿಲ್ಲ. 2022ರಲ್ಲಿ ಜಗತ್ತಿನಲ್ಲಿ 6 ಕೋಟಿ 20 ಲಕ್ಷ ಟನ್ ವಿದ್ಯುನ್ಮಾನ ಕಸ ಉತ್ಪತ್ತಿಯಾಯಿತು, ಅದರಲ್ಲಿ ಸರಿಯಾಗಿ ಮರುಬಳಕೆಯಾದದ್ದಕ್ಕೆ ದಾಖಲೆಯಿರುವುದು ಕಾಲುಭಾಗಕ್ಕೂ ಕಡಿಮೆ. ಇಷ್ಟು ಕಸಕ್ಕೆ ಒಂಬತ್ತನೆಯ ತರಗತಿಯ ಮನಸ್ಸಾಕ್ಷಿಯನ್ನು ಹೊಣೆ ಮಾಡುವುದು ಸುಲಭ, ಅಂಟಿಸಿದವರನ್ನು ಪ್ರಶ್ನಿಸುವುದು ಕಷ್ಟ. ಕೆಲವು ಸರ್ಕಾರಗಳು ಆ ಕಷ್ಟಕ್ಕೆ ಕೈಹಾಕಿವೆ. ಫ್ರಾನ್ಸ್ 2021ರಲ್ಲಿ ಫೋನು, ಲ್ಯಾಪ್‌ಟಾಪುಗಳಿಗೆ ದುರಸ್ತಿಯ ಸುಲಭತೆಯನ್ನು ನೋಡಿ ಹತ್ತಕ್ಕೆ ಇಂತಿಷ್ಟೆಂದು ಅಂಕ ಕೊಡಿಸಲು ಆರಂಭಿಸಿತು. ಮಕ್ಕಳಿಗೇ ಎಲ್ಲ ಅಂಕಗಳನ್ನೂ ಮೀಸಲಿಟ್ಟಿರುವ ನಮಗೆ ವಸ್ತುವೂ ಫೇಲಾಗಬಹುದು ಎಂಬುದು ಹೊಳೆದೇ ಇಲ್ಲ.

ಶಾಲೆಗಳ ಮೇಲೂ ನನಗೆ ದೂರಿದೆ. ಕೈಗೆಲಸದ ಅವಧಿ ಎಂಬುದೊಂದು ಇದ್ದ ಶಾಲೆಗಳಲ್ಲೂ ಅದನ್ನು ಗಣಿತದ ವಿಶೇಷ ತರಗತಿ ನುಂಗಿತು. ಸೂಜಿ ಹುಡುಗಿಯರಿಗೆ, ಸ್ಕ್ರೂಡ್ರೈವರ್ ಹುಡುಗರಿಗೆ ಎಂಬ ಹಳೆಯ ಅವಿವೇಕ ತೊಲಗಿದ್ದು ಒಳ್ಳೆಯದೇ ಆಯಿತು, ಅದರ ಬೆನ್ನಿಗೆ ಇಬ್ಬರ ಕೈಯಿಂದಲೂ ಎರಡೂ ಹೋದವು. ಮನೆಯಲ್ಲಿ ಕೆಟ್ಟ ಫ್ಯಾನಿನ ಹತ್ತಿರ ಹೋದರೆ ‘ಮುಟ್ಟಬೇಡ, ಓದಿಕೋ ಹೋಗು’ ಎನ್ನುತ್ತೇವೆ. ಹತ್ತು ವರ್ಷ ಯಾವುದನ್ನೂ ಮುಟ್ಟದೆ ಬೆಳೆದ ಮಗುವಿಗೆ ಕೆಟ್ಟ ವಸ್ತುವನ್ನು ಕಂಡಾಗ ಹೊಳೆಯುವ ಉಪಾಯ ಒಂದೇ, ಹೊಸದನ್ನು ಕೊಳ್ಳುವುದು. ಅದನ್ನು ದುರಾಸೆ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಆದ್ದರಿಂದ ಗೋಡೆಯ ಖಾಲಿ ಜಾಗವನ್ನು ಹಾಗೇ ಬಿಡಿ. ಒಂದು ಡಬ್ಬದಲ್ಲಿ ಇಕ್ಕಳ, ಎರಡು ಮೂರು ಬಗೆಯ ಸ್ಕ್ರೂಡ್ರೈವರ್, ಸೂಜಿ, ದಾರ ಇಟ್ಟು, ಕರೆಂಟಿನ ತಂಟೆಯಿಲ್ಲದ ಒಂದೊಂದು ಕೆಟ್ಟ ವಸ್ತುವನ್ನು ಮನೆಯಿಂದ ತರಲು ಮಕ್ಕಳಿಗೆ ಹೇಳಿ. ಊದಿಕೊಂಡ ಬ್ಯಾಟರಿ ಇರುವುದನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಬೇಡಿ. ಕೆಲವು ವಸ್ತುಗಳು ಸರಿಹೋಗುತ್ತವೆ, ಹಲವು ಹೋಗುವುದಿಲ್ಲ. ಸರಿಹೋಗದವುಗಳ ಪಟ್ಟಿಯನ್ನು ಮಕ್ಕಳಿಂದಲೇ ಬರೆಸಿ: ವಸ್ತು ಯಾವುದು, ಎಲ್ಲಿ ಕೆಟ್ಟಿತ್ತು, ತೆರೆಯಲು ಅಡ್ಡಬಂದದ್ದು ಅಂಟೋ ತಿರುಪೋ ಅಥವಾ ಬಿಡಿಭಾಗ ಸಿಗದಿದ್ದುದೋ. ಆ ಪಟ್ಟಿಯನ್ನು ನಮಗೆ ಕಳುಹಿಸಿ. ಹತ್ತು ಸೂತ್ರಗಳಿಗೆ ನೀವು ಕೇಳಿದ ಪುಟವನ್ನು ಅದಕ್ಕೆ ಕೊಡುತ್ತೇವೆ.

-ಸಂ.