ಹಂಚು ಇಳಿಸಿದ ಮೇಲೆ ಎಂಟು ರೊಟ್ಟಿ

ಬಾಗಲಕೋಟೆ ನವನಗರದ ಓದುಗರ ಪತ್ರ (ಸ್ವಲ್ಪ ಮೊಟಕು ಮಾಡಿದ್ದೇವೆ):

"ಕಳೆದ ತಿಂಗಳು ಸೊಲ್ಲಾಪುರದಿಂದ ಬರುವಾಗ ವಿಜಯಪುರದ ಒಂದು ಖಾನಾವಳಿಗೆ ಹೋದೆವು. ನಾವು ನಾಲ್ಕು ಮಂದಿ, ರಾತ್ರಿ 10:50. ಬೋರ್ಡಿನ ಮೇಲೆ ಹತ್ತೂವರೆ ಅಂತ ಇತ್ತು, ಒಪ್ಪುತ್ತೇನೆ. ಆದರೆ ಲೈಟು ಉರಿಯುತ್ತಿತ್ತು, ಒಳಗೆ ಮೂವರು ಉಣ್ಣುತ್ತಿದ್ದರು. ನಮಗೆ ಮಾತ್ರ 'ಊಟ ಮುಗದೈತ್ರಿ' ಅಂದರು. ಬರೀ ಎಂಟು ರೊಟ್ಟಿ ಬಡಿಯಲು ಎಷ್ಟು ಹೊತ್ತು ಬೇಕು? ಗಲ್ಲಾದಲ್ಲಿ ಕೂತಿದ್ದ ಹೆಣ್ಣುಮಗಳು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಪೊಟ್ಟಣ ಕಟ್ಟಿ ಕೈಗಿಟ್ಟಳು. ಬಸವಣ್ಣ ಹುಟ್ಟಿದ ಜಿಲ್ಲೆಯಲ್ಲಿ, ದಾಸೋಹದ ನೆಲದಲ್ಲಿ ಹಸಿದು ಬಂದವರಿಗೆ ಇಂಥ ಅವಮಾನವೇ? ಖಾನಾವಳಿ ಮಂದಿಗೆ ನೀವಾದರೂ ನಾಲ್ಕು ಬುದ್ಧಿಮಾತು ಹೇಳಬೇಕು."

ಸಂಪಾದಕರ ಉತ್ತರ:

ನೂರು ಕಿಲೋಮೀಟರ್ ಹಾದಿ ಸವೆಸಿ ಬಂದಿದ್ದಿರಿ, ಹಸಿವಾಗಿತ್ತು. ಹಸಿದವರ ಸಿಟ್ಟಿಗೆ ಮಾಫಿ ಉಂಟು. ಬೋರ್ಡು ನೋಡಿದ್ದನ್ನು ಮುಚ್ಚಿಡದೆ ಬರೆದದ್ದಕ್ಕೂ ನಿಮ್ಮ ಮೇಲೆ ಗೌರವ ಬಂತು. ಇನ್ನು ಮುಂದಿನದು ನಿಮಗೆ ರುಚಿಸಲಿಕ್ಕಿಲ್ಲ.

ಎಂಟು ರೊಟ್ಟಿಗೆ ಎಷ್ಟು ಹೊತ್ತು ಅಂತ ಕೇಳಿದ್ದೀರಿ. ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಉಬ್ಬಿಸಿ ತೆಗೆಯಲು ಒಂದಕ್ಕೆ ಎರಡು-ಮೂರು ನಿಮಿಷ. ಅಂದರೆ ಇಪ್ಪತ್ತು ನಿಮಿಷದ ಮಾತು ಅಂತ ನೀವು ಲೆಕ್ಕ ಹಾಕಿರಬೇಕು. ಅದು ಒಲೆ ಉರಿಯುವಾಗಿನ ಲೆಕ್ಕ. ಹಂಚು ಇಳಿದ ಮೇಲೆ ಆ ಲೆಕ್ಕ ನಡೆಯುವುದಿಲ್ಲ. ದಪ್ಪ ಕಬ್ಬಿಣದ ಹಂಚು ತಣ್ಣಗಾದರೆ ಮತ್ತೆ ಕಾಯಲು ಹತ್ತು-ಹದಿನೈದು ನಿಮಿಷ ಬೇಕು. ಅರೆಬರೆ ಕಾದ ಹಂಚಿಗೆ ರೊಟ್ಟಿ ಹಾಕಿದರೆ ಹಿಡಿದುಕೊಳ್ಳುತ್ತದೆ, ತಿರುವುವಾಗ ಹರಿಯುತ್ತದೆ, ಉಬ್ಬುವ ಮಾತೇ ಇಲ್ಲ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ತನ್ನದೇ ಜಿಗಿ ಇಲ್ಲ. ಕುದಿಯುವ ಎಸರು ಬಿದ್ದು ಹಿಟ್ಟು ಅಷ್ಟಿಷ್ಟು ಬೆಂದಾಗಲೇ ಹಿಡಿತ ಬರುತ್ತದೆ. ಆದ್ದರಿಂದ ಎಸರೂ ಹೊಸದಾಗಿ ಇಡಬೇಕು. ಚಪಾತಿ ಕಣಕದ ಹಾಗೆ ಮೊದಲೇ ನಾದಿಟ್ಟುಕೊಳ್ಳಬಹುದಲ್ಲ ಅಂತೀರೇನೋ. ನಾದಿಟ್ಟ ಜೋಳದ ಹಿಟ್ಟು ಒಣಗಿ, ಬಡಿಯುವಾಗ ಅಂಚು ಸೀಳುತ್ತದೆ. ಅದಕ್ಕೇ ರೊಟ್ಟಿ ಬಡಿಯುವವರು ಆಗಿಂದಾಗ್ಗೆ ಎರಡು-ಮೂರು ರೊಟ್ಟಿಯಷ್ಟೇ ನಾದಿಕೊಳ್ಳುವುದು. ನೀವು ಹೊಸಿಲು ದಾಟುವ ಹೊತ್ತಿಗೆ ರೊಟ್ಟಿ ಬಡಿಯುವ ಅಕ್ಕ ಮೊಣಕೈವರೆಗೆ ಒಣಗಿ ಹಕ್ಕಳೆಗಟ್ಟಿದ ಹಿಟ್ಟನ್ನು ಬೆಚ್ಚನೆ ನೀರಲ್ಲಿ ತಿಕ್ಕಿ ತೊಳೆದು, ಬಳೆ ಹಿಂದಕ್ಕೆ ಸರಿಸಿಕೊಂಡು, ಚಪ್ಪಲಿ ಹುಡುಕುತ್ತಿರುತ್ತಾಳೆ.

ಲೈಟು ಉರಿಯುತ್ತಿತ್ತು ಎಂಬುದು ನಿಮ್ಮ ದೊಡ್ಡ ಸಾಕ್ಷಿ. ಕತ್ತಲಲ್ಲಿ ಮುಸುರೆ ತಿಕ್ಕುವುದು ಹೇಗೆ ಸ್ವಾಮಿ? ಊಟ ನಿಂತ ಮೇಲೆ ಖಾನಾವಳಿಯಲ್ಲಿ ಮುಕ್ಕಾಲು ತಾಸಿನ ಕೆಲಸ ಬಾಕಿ ಇರುತ್ತದೆ. ಉಳಿದ ಎಣ್ಣೆಗಾಯಿ, ಬೇಳೆಯನ್ನು ಆಳದ ಪಾತ್ರೆಯಲ್ಲೇ ಬಿಟ್ಟರೆ ನಡುವೆ ಬೇಗ ಆರುವುದಿಲ್ಲ, ಅಗಲ ತಾಟಿಗೆ ಸುರುವಿ ಆರಿಸಬೇಕು. ಅಡುಗೆ 60 ಡಿಗ್ರಿಗಿಂತ ಬಿಸಿ ಇರಬೇಕು, ಇಲ್ಲವೇ 5 ಡಿಗ್ರಿಗಿಂತ ತಂಪು. ನಡುವೆ ಹೆಚ್ಚು ಹೊತ್ತು ನಿಂತಿತೋ, ಮರುದಿನ ಉಂಡವರ ಹೊಟ್ಟೆ ಕೆಡುತ್ತದೆ. ನಾಳೆಯ ಮಡಕಿ ಕಾಳು ನೆನೆಯಬೇಕು. ಹಾಲು ಉಗುರುಬೆಚ್ಚಗೆ ಇರುವಾಗಲೇ ಹೆಪ್ಪು ಬೀಳಬೇಕು, ತಡವಾದರೆ ಮಧ್ಯಾಹ್ನದ ಹೊತ್ತಿಗೆ ನಿಮ್ಮಂಥವರೇ "ಮೊಸರು ಯಾಕ್ರಿ ಇಷ್ಟು ನೀರು ನೀರು" ಅನ್ನುವುದು. ಸುಡುವ ಹಂಚಿಗೆ ಅವಸರದಲ್ಲಿ ತಣ್ಣೀರು ಸುರಿದರೆ ಬಿರುಕು ಬಿಟ್ಟೀತು, ಅದು ತಾನಾಗಿ ಆರಬೇಕು. ಕಟ್ಟೆಯ ಜಿಡ್ಡಿಗೆ ಬಿಸಿನೀರು, ಸೋಡಾ. ಸಿಲಿಂಡರಿನ ರೆಗ್ಯುಲೇಟರ್ ಬಂದ್. ಕೊನೆಗೆ ಗಲ್ಲಾದ ರೊಕ್ಕವನ್ನೂ ಫೋನಿಗೆ ಬಂದ ರೊಕ್ಕವನ್ನೂ ತಾಳೆ ಹಾಕುವುದು. ಹತ್ತು ರೂಪಾಯಿ ಕಮ್ಮಿ ಬಿದ್ದರೆ ಮತ್ತೆ ಮೊದಲಿಂದ. ಇದರ ನಡುವೆ ನಾಲ್ಕು ಮಂದಿಯನ್ನು ಕೂಡ್ರಿಸಿದರೆ ತೊಳೆದ ಕಟ್ಟೆ, ಆರಿದ ಒಲೆ, ಒರೆಸಿದ ನೆಲ ಎಲ್ಲವೂ ಎರಡನೇ ಸಲ. ನಿಮ್ಮ ಇಪ್ಪತ್ತು ನಿಮಿಷ ಅವರಿಗೆ ಒಂದೂಕಾಲು ತಾಸು.

ಒಳಗೆ ಉಣ್ಣುತ್ತಿದ್ದ ಆ ಮೂವರು ಹತ್ತೂವರೆಗೆ ಮುಂಚೆ ಬಂದವರಿರಬೇಕು. ಇದಕ್ಕೆ ಕಾಯ್ದೆಯೂ ಜಾಗ ಬಿಟ್ಟಿದೆ. ನಮ್ಮ ಈ ಜಿಲ್ಲೆಗಳು 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದವಲ್ಲ, ಅಲ್ಲಿನ 1948ರ ಅಂಗಡಿ ಕಾಯ್ದೆಯಲ್ಲಿ ಒಂದು ಸೊಗಸಾದ ಮಾತಿತ್ತು, ನಮ್ಮ 1961ರ ಕಾಯ್ದೆಗೂ ಅದು ಬಂತು: ಬಾಗಿಲು ಹಾಕುವ ಗಳಿಗೆಗೆ ಒಳಗೆ ಕಾದಿದ್ದ ಗಿರಾಕಿಗೆ ಮುಂದಿನ 15 ನಿಮಿಷದವರೆಗೆ ಕೊಡಬಹುದು. ಒಳಗೆ ಇದ್ದವನಿಗೆ, ನೆನಪಿಡಿ. ಆಮೇಲೆ ಬಂದವನ ಹೆಸರೇ ಅದರಲ್ಲಿಲ್ಲ. ದಿನಕ್ಕೆ 9 ತಾಸು, ವಾರಕ್ಕೆ 48, ಮೇಲೆ ದುಡಿಸಿದರೆ ದುಪ್ಪಟ್ಟು ಕೂಲಿ ಅಂತಲೂ ಅದೇ ಕಾಯ್ದೆ ಹೇಳಿತು. 2021ರ ಜನವರಿಯಲ್ಲಿ ಸರ್ಕಾರ ಹತ್ತು ಮತ್ತು ಮೇಲ್ಪಟ್ಟು ಕೆಲಸಗಾರರಿರುವ ಅಂಗಡಿಗಳಿಗೆ 24 ತಾಸೂ ತೆರೆದಿರಲು ಅನುಮತಿ ಕೊಟ್ಟದ್ದು ಖರೆ. ಅದನ್ನು ಹಿಡಿದು ವಾದಿಸುವವರು ಕೆಳಗಿನ ಷರತ್ತುಗಳನ್ನು ಓದಿರುವುದಿಲ್ಲ. ರಾತ್ರಿ ಎಂಟರ ನಂತರ ಹೆಣ್ಣುಮಕ್ಕಳು ದುಡಿಯಬೇಕಾದರೆ ಅವರ ಲಿಖಿತ ಒಪ್ಪಿಗೆ ಬೇಕು. ನಾಲ್ಕು ಮಂದಿ ರೊಟ್ಟಿ ಬಡಿಯುವ ಖಾನಾವಳಿಗೆ ಎರಡನೇ ಪಾಳಿಯ ಮಂದಿ ಎಲ್ಲಿಂದ ಬರಬೇಕು? ಹನ್ನೊಂದಕ್ಕೇ ಉಣ್ಣಬೇಕೆಂದರೆ ಹೆದ್ದಾರಿ 52ರ ಮೇಲೆ ರಾತ್ರಿ ಪಾಳಿಯ ಧಾಬಾಗಳಿವೆ, ಅವರ ಕಸುಬೇ ಅದು.

ಇಂಗ್ಲೆಂಡಿನಲ್ಲಿ 1886ರಲ್ಲಿ ಕಾಯ್ದೆ ಮಾಡಿ, ಹದಿನೆಂಟು ತುಂಬದ ಹುಡುಗರನ್ನು ಅಂಗಡಿಯಲ್ಲಿ ವಾರಕ್ಕೆ 74 ತಾಸಿಗಿಂತ ಹೆಚ್ಚು ನಿಲ್ಲಿಸಬಾರದು ಅಂದರು. ಅದೇ ದೊಡ್ಡ ಉಪಕಾರವಾಗಿತ್ತು ಅಂದರೆ ಅದಕ್ಕೂ ಮೊದಲು ಎಷ್ಟು ನಿಲ್ಲಿಸುತ್ತಿದ್ದರೋ! ಪಶ್ಚಿಮ ಜರ್ಮನಿಯಲ್ಲಿ 1956ರಿಂದ ಸಂಜೆ ಆರೂವರೆಗೆ ಅಂಗಡಿ ಬಂದ್, ಶನಿವಾರ ಮಧ್ಯಾಹ್ನ ಎರಡಕ್ಕೇ. ಆ ದೇಶದ ಜನ ಉಪವಾಸ ಬೀಳಲಿಲ್ಲ, ಮುಂಚೆ ಹೋಗಿ ಸಂತೆ ಮಾಡಿಕೊಂಡರು.

ಈಗ ದಾಸೋಹ. ಈ ಶಬ್ದವನ್ನು ಬಿಲ್ಲು ಕೊಡುವ ಜಾಗಕ್ಕೆ ಎಳೆದು ತಂದದ್ದು ನನಗೆ ಹಿಡಿಸಲಿಲ್ಲ. ದಾಸೋಹದಲ್ಲಿ ಕೊಡುವವನು ತನ್ನ ಕಾಯಕದ ಪಾಲನ್ನು ತಾನೇ ಕೊಡುತ್ತಾನೆ. ನೀವು ಕೇಳಿದ್ದು ದಿನಗೂಲಿಯ ಹೆಣ್ಣುಮಗಳ ನಿದ್ದೆಯನ್ನು; ಕೊಟ್ಟ ಪುಣ್ಯ ಮಾಲೀಕನಿಗೆ, ಉಂಡ ತೃಪ್ತಿ ನಿಮಗೆ. ಶರಣರನ್ನೇ ಕರೆಯುವುದಾದರೆ ಆಯ್ದಕ್ಕಿ ಲಕ್ಕಮ್ಮನನ್ನು ಕರೆಯಿರಿ. ಗಂಡ ಮಾರಯ್ಯ ಒಂದು ದಿನ ರೂಢಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೆ ಬೇಡ, ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದವಳು ಆಕೆ. ಹತ್ತೂವರೆಗೆ ಶಟರ್ ಅರ್ಧ ಇಳಿಸಿದ ಖಾನಾವಳಿ ನನ್ನ ಲೆಕ್ಕದಲ್ಲಿ ಅವಳ ಸಾಲಿನದು.

ಇನ್ನೊಂದು ತಕರಾರು, ಇದು ನಿಮ್ಮೊಬ್ಬರ ಮೇಲಲ್ಲ. ಗೋಳಗುಮ್ಮಟದ ಗೇಟು ಹಾಕಿದ್ದರೆ ನಾವು ಹೊರಗಿನಿಂದಲೇ ಫೋಟೋ ಹೊಡೆದುಕೊಂಡು ಹೋಗುತ್ತೇವೆ. ಬ್ಯಾಂಕಿನ ಕೌಂಟರ್ ಮುಚ್ಚಿದರೆ "ನಾಳೆ ಬರ್ತೀನ್ರಿ ಸರ್" ಅಂತೀವಿ. ಕಚೇರಿಯಲ್ಲಿ ಸಾಹೇಬರು ನಾಲ್ಕಕ್ಕೇ ಎದ್ದುಹೋದರೂ ತುಟಿ ಬಿಚ್ಚುವುದಿಲ್ಲ. ಬಾಗಿ ಶಟರಿನೊಳಗೆ ತಲೆ ಹಾಕಿ "ಇನ್ನೂ ಐತಲ್ಲ, ಕೊಡ್ರಿ" ಅನ್ನುವ ಧೈರ್ಯ ಬರುವುದು ಖಾನಾವಳಿಯಲ್ಲಿ, ಕಟಿಂಗ್ ಅಂಗಡಿಯಲ್ಲಿ, ಕಿರಾಣಿಯಲ್ಲಿ. ಹೊತ್ತು ಎಂಬುದು ಕುರ್ಚಿ ಇದ್ದವರಿಗೆ ಮಾತ್ರ ಎಂಬಂತಾಗಿದೆ.

ಮಾಲೀಕರಿಗೂ ಬುದ್ಧಿ ಹೇಳಿ ಅಂದಿರಿ, ಹೇಳುತ್ತೇನೆ. ಬೋರ್ಡಿನ ಮೇಲೆ ಒಂದೇ ಹೊತ್ತು ಬರೆಯಬೇಡಿ, ಎರಡು ಬರೆಯಿರಿ: ಬಿಸಿ ರೊಟ್ಟಿ 10ರವರೆಗೆ, ಬಾಗಿಲು 10:30ಕ್ಕೆ. ಹತ್ತಕ್ಕೆ ಹತ್ತು ನಿಮಿಷ ಇರುವಾಗ ಕೂತವರಿಗೆಲ್ಲ "ಇನ್ನೆಷ್ಟು ರೊಟ್ಟಿ ಬೇಕ್ರಿ" ಅಂತ ಒಮ್ಮೆ ಕೇಳಿಬಿಡಿ. ಫೋನಿನ ನಕಾಶೆಯಲ್ಲಿ ನಿಮ್ಮ ಖಾನಾವಳಿ ಹನ್ನೊಂದಕ್ಕೆ ಬಂದ್ ಅಂತ ತೋರಿಸುತ್ತಿದ್ದರೆ ಇವತ್ತೇ ತಿದ್ದಿಸಿ, ಅರ್ಧ ಜಗಳ ಅಲ್ಲೇ ಹುಟ್ಟುತ್ತದೆ. ತಡವಾಗಿ ಬರುವವರು ಒಂಬತ್ತಕ್ಕೇ ಫೋನ್ ಮಾಡಿ ರೊಟ್ಟಿಯ ಎಣಿಕೆ ಹೇಳಿದರೆ ಬಡಿದು ಬಟ್ಟೆಯಲ್ಲಿ ಸುತ್ತಿಡಿ. ಮತ್ತು ಗಲ್ಲಾದ ಹತ್ತಿರ ಖಡಕ್ ರೊಟ್ಟಿ, ಹಿಂಡಿ ಕಟ್ಟಿ ಇಟ್ಟಿರಿ. ಒಣಗಿದ ರೊಟ್ಟಿಗೆ ಒಲೆಯೂ ಬೇಡ, ಎಸರೂ ಬೇಡ, ವಾರಗಟ್ಟಲೆ ಕೆಡುವುದಿಲ್ಲ.

ಆ ಕೊನೆಯದನ್ನು ನೀವು ಹೋದ ಖಾನಾವಳಿ ಆಗಲೇ ಮಾಡಿತ್ತು. ಮನೆಗೆ ಹೊರಟಿದ್ದ ಹೆಣ್ಣುಮಗಳು ನಿಂತು ಪೊಟ್ಟಣ ಕಟ್ಟಿದ್ದನ್ನು ನೀವು ಅವಮಾನದ ಲೆಕ್ಕಕ್ಕೆ ಹಚ್ಚಿದ್ದೀರಿ. ದಾರಿಯಲ್ಲಿ ಅದನ್ನು ತಿಂದಿರೋ ಬಿಟ್ಟಿರೋ, ಪತ್ರದಲ್ಲಿ ಬರೆದಿಲ್ಲ.