ಹೆಸರಿಲ್ಲದ ರಾಜ ಯಾರ ಮಗ? ಫ್ಯಾನ್ ವಿಕಿಯಲ್ಲಿ ಊಹೆಗೆ ಎಷ್ಟು ಜಾಗ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ. ಡಾರ್ಕ್ ಸೋಲ್ಸ್ ಎಂಬ ವಿಡಿಯೊ ಗೇಮ್ ಸರಣಿಯ ಫ್ಯಾನ್ ವಿಕಿಯೊಂದರಲ್ಲಿ, ಅಂದರೆ ಅಭಿಮಾನಿಗಳೇ ಬರೆದು ತಿದ್ದುವ ವಿಶ್ವಕೋಶದಲ್ಲಿ, ನೀವು ‘ನೇಮ್‌ಲೆಸ್ ಕಿಂಗ್’ (ಹೆಸರಿಲ್ಲದ ರಾಜ) ಎಂಬ ಪಾತ್ರದ ಪುಟಕ್ಕೆ ‘ಇವನು ಗ್ವಿನ್‌ನ ಹಿರಿಯ ಮಗ’ ಎಂದು ಒಂದು ವಾಕ್ಯ ಸೇರಿಸಿದಿರಿ. ಗ್ವಿನ್ ಎಂದರೆ ಆ ಆಟದ ಲೋಕದ ದೇವತೆಗಳ ಅರಸ. ಹಳೆಯ ಸಂಪಾದಕರೊಬ್ಬರು ‘ಊಹೆ’ ಎಂಬ ಒಂದೇ ಮಾತು ಬರೆದು ಅದನ್ನು ತೆಗೆದರು. ನೀವು ಮತ್ತೆ ಹಾಕಿದಿರಿ, ಅವರು ಮತ್ತೆ ತೆಗೆದರು. ಯೂಟ್ಯೂಬಿನಲ್ಲಿ ಎಲ್ಲರೂ ಒಪ್ಪಿಕೊಂಡಿರುವ ಸಂಗತಿಯನ್ನು ವಿಕಿಯಲ್ಲಿ ಬರೆಯಲು ಏಕೆ ಬಿಡುವುದಿಲ್ಲ, ಇದು ಹಳಬರ ದರ್ಬಾರು ಅಲ್ಲವೇ ಎಂಬುದು ನಿಮ್ಮ ಪ್ರಶ್ನೆ.

ನನ್ನ ಅಭಿಪ್ರಾಯದಲ್ಲಿ ನೀವು ತಲುಪಿದ ತೀರ್ಮಾನ ಬಹುಮಟ್ಟಿಗೆ ಸರಿಯಾಗಿದೆ, ಆದರೆ ಬರೆದ ವಾಕ್ಯ ಸರಿಯಿಲ್ಲ. ಆ ಸಂಪಾದಕರ ಆಕ್ಷೇಪ ನ್ಯಾಯವಾದದ್ದೇ. ಆದರೆ ಹೊಸಬರೊಬ್ಬರ ಬರಹವನ್ನು ಒಂದೇ ಪದದ ಟಿಪ್ಪಣಿಯೊಂದಿಗೆ ಅಳಿಸಿದ್ದು ಒಳ್ಳೆಯ ಸಂಪಾದಕರ ಲಕ್ಷಣವಲ್ಲ.

ಮೊದಲು ಆಟ ಏನು ಹೇಳುತ್ತದೆ ಎಂಬುದನ್ನು ನೋಡೋಣ. 2011ರಲ್ಲಿ ಬಂದ ಮೊದಲ ಆಟದಲ್ಲಿ ಒಂದು ಉಂಗುರವಿದೆ. ಗ್ವಿನ್‌ನ ಹಿರಿಯ ಮಗ ಯುದ್ಧದೇವತೆಯಾಗಿದ್ದ, ತನ್ನ ಅವಿವೇಕದಿಂದ ದೈವತ್ವವನ್ನು ಕಳೆದುಕೊಂಡ, ಈಗ ಅವನ ಹೆಸರೂ ಯಾರಿಗೂ ತಿಳಿಯದು ಎಂದು ಅದರ ವಿವರಣೆ ಹೇಳುತ್ತದೆ. 2016ರ ಮೂರನೆಯ ಆಟದಲ್ಲಿ ನೇಮ್‌ಲೆಸ್ ಕಿಂಗ್ ಎದುರಾಗುತ್ತಾನೆ. ಇವನು ಹಿಂದೆ ಡ್ರ್ಯಾಗನ್‌ಗಳನ್ನು ಬೇಟೆಯಾಡುತ್ತಿದ್ದ ಯುದ್ಧದೇವತೆಯಾಗಿದ್ದು, ಮುಂದೆ ಎಲ್ಲವನ್ನೂ ತೊರೆದು ಅದೇ ಡ್ರ್ಯಾಗನ್‌ಗಳ ಪಕ್ಷ ಸೇರಿದ ಎಂದು, ಅವನನ್ನು ಸೋಲಿಸಿದಾಗ ಸಿಗುವ ‘ಆತ್ಮ’ ಎಂಬ ವಸ್ತುವಿನ ವಿವರಣೆ ತಿಳಿಸುತ್ತದೆ. ಕಾದಾಟದಲ್ಲಿ ಅವನು ಪ್ರಯೋಗಿಸುವುದು ಮಿಂಚನ್ನು. ಮೊದಲ ಆಟದ ಆರಂಭದ ದೃಶ್ಯದಲ್ಲಿ ಗ್ವಿನ್ ಡ್ರ್ಯಾಗನ್‌ಗಳ ಮೇಲೆ ಎಸೆದದ್ದೂ ಮಿಂಚನ್ನೇ. ಇಬ್ಬರೂ ಯುದ್ಧದೇವತೆಗಳು, ಇಬ್ಬರಿಗೂ ಹೆಸರಿಲ್ಲ, ಇಬ್ಬರೂ ಮನೆತನದಿಂದ ದೂರವಾದವರು. ಇಷ್ಟನ್ನು ಕೂಡಿಸಿ ನೋಡಿದವರು ನಿಮ್ಮ ತೀರ್ಮಾನಕ್ಕೇ ಬರುತ್ತಾರೆ, ನಾನೂ ಬಂದಿದ್ದೇನೆ. ಆದರೆ ಎರಡೂ ಆಟಗಳಲ್ಲಿ ಎಲ್ಲಿಯೂ ‘ಅವನೇ ಇವನು’ ಎಂಬ ಮಾತು ಇಲ್ಲ. ನಿಮ್ಮ ವಾಕ್ಯವನ್ನು ಓದಿದವನಿಗೆ ಮಾತ್ರ ಆಟವೇ ಹಾಗೆಂದು ಹೇಳಿದೆ ಎಂಬ ಭಾವನೆ ಬರುತ್ತದೆ. ಆಕ್ಷೇಪ ಇರುವುದು ಅಲ್ಲಿ.

ನಾನು ಚಿತ್ರದುರ್ಗದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವವನಾದ್ದರಿಂದ ಈ ಪ್ರಸಂಗ ನನಗೆ ನಮ್ಮ ಜಿಲ್ಲೆಯ ಬ್ರಹ್ಮಗಿರಿಯನ್ನು ನೆನಪಿಸುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಬಂಡೆಗಳ ಮೇಲಿನ ಶಾಸನಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ಅವುಗಳಲ್ಲಿ ರಾಜನನ್ನು ‘ದೇವಾನಾಂಪ್ರಿಯ’ ಎಂದು ಕರೆದಿದೆಯೇ ಹೊರತು ಅಶೋಕನೆಂಬ ಹೆಸರಿಲ್ಲ. ಈ ಬಿರುದಿನ ಅರಸ ಅಶೋಕನೇ ಎಂದು ವಿದ್ವಾಂಸರು 1837ರಷ್ಟು ಹಿಂದೆಯೇ, ಉತ್ತರ ಭಾರತದ ಶಾಸನಗಳನ್ನು ಸಿಂಹಳದ ಪುರಾತನ ವೃತ್ತಾಂತಗಳೊಂದಿಗೆ ಹೋಲಿಸಿ ನಿರ್ಧರಿಸಿದ್ದರು. ಆ ನಿರ್ಧಾರ ಸರಿಯಾಗಿತ್ತು. ಆದರೂ 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೊತ್ತ ಬಂಡೆ ಸಿಕ್ಕಾಗ ಅದು ದೊಡ್ಡ ಸುದ್ದಿಯಾಯಿತು, ಏಕೆಂದರೆ ಅಲ್ಲಿಯವರೆಗೆ ಹೋಲಿಕೆಯ ಬಲದ ಮೇಲೆ ನಿಂತಿದ್ದ ಮಾತಿಗೆ ಕಲ್ಲಿನ ಮೇಲಿನ ಸಾಕ್ಷ್ಯ ಒದಗಿತು. ಇಂದಿಗೂ ಬ್ರಹ್ಮಗಿರಿ ಶಾಸನದ ಪಾಠವನ್ನು ಅಚ್ಚುಹಾಕುವವರು ಅದರೊಳಗೆ ಅಶೋಕನ ಹೆಸರನ್ನು ತುರುಕುವುದಿಲ್ಲ. ಅದನ್ನು ಟಿಪ್ಪಣಿಯಲ್ಲಿ ಹೇಳುತ್ತಾರೆ. ನಿಮ್ಮ ರಾಜನಿಗೆ ಮಸ್ಕಿ ಇನ್ನೂ ಸಿಕ್ಕಿಲ್ಲ, ಅಷ್ಟೇ.

ಹಾಗಾದರೆ ವಾಕ್ಯವನ್ನು ಬರೆಯುವುದು ಹೇಗೆ? ನಾನಾದರೆ ಹೀಗೆ ಬರೆಯುತ್ತಿದ್ದೆ: ‘ಈ ರಾಜನ ಆತ್ಮದ ವಿವರಣೆಯು ಅವನನ್ನು ಹಿಂದೆ ಡ್ರ್ಯಾಗನ್‌ಗಳನ್ನು ಕೊಲ್ಲುತ್ತಿದ್ದ ಯುದ್ಧದೇವತೆ ಎಂದು ವರ್ಣಿಸುತ್ತದೆ. ಮೊದಲ ಆಟದ ಉಂಗುರವೊಂದರ ವಿವರಣೆ ಗ್ವಿನ್‌ನ ಹಿರಿಯ ಮಗನನ್ನೂ ಯುದ್ಧದೇವತೆ ಎಂದೇ ಕರೆದು, ಅವನ ಹೆಸರು ಮರೆತುಹೋಗಿದೆ ಎನ್ನುತ್ತದೆ. ಈ ಸಾಮ್ಯಗಳಿಂದಾಗಿ ಇಬ್ಬರೂ ಒಬ್ಬನೇ ಎಂದು ಆಟಗಾರರು ಸಾಮಾನ್ಯವಾಗಿ ತಿಳಿಯುತ್ತಾರೆ. ಆಟ ಇದನ್ನು ನೇರವಾಗಿ ಹೇಳುವುದಿಲ್ಲ.’ ಪ್ರತಿ ವಾಕ್ಯದ ಕೊನೆಗೂ ಯಾವ ಆಟ, ಯಾವ ವಸ್ತು ಎಂಬ ಉಲ್ಲೇಖ ಕೊಡಿ. ಇದು ನಿಮ್ಮ ಒಂದು ವಾಕ್ಯಕ್ಕಿಂತ ಉದ್ದವಾಗುತ್ತದೆ, ಓದಲು ಅಷ್ಟು ಗತ್ತಾಗಿಯೂ ಇರುವುದಿಲ್ಲ. ಆದರೆ ಇದರಲ್ಲಿ ತೆಗೆಯಬಹುದಾದ ಮಾತು ಒಂದೂ ಇಲ್ಲ, ನಿಮ್ಮ ವಾದದ ಒಂದು ಎಳೆಯೂ ತಪ್ಪಿಲ್ಲ. ‘ಆಟಗಾರರು ತಿಳಿಯುತ್ತಾರೆ’ ಎಂಬಲ್ಲಿ ಯಾವ ಆಟಗಾರರು ಎಂದು ತಕರಾರು ತೆಗೆಯುವ ಕಟ್ಟುನಿಟ್ಟಿನ ವಿಕಿಗಳೂ ಉಂಟು. ಅಂಥ ಕಡೆ ಆ ಒಂದು ವಾಕ್ಯವನ್ನು ಬಿಟ್ಟು, ಎರಡು ವಿವರಣೆಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು, ಓದುಗ ದಡ್ಡನಲ್ಲ.

ಪುಟದ ಬಲಬದಿಯ ಇನ್ಫೋಬಾಕ್ಸ್, ಅಂದರೆ ಮುಖ್ಯ ವಿವರಗಳನ್ನು ಪಟ್ಟಿಮಾಡುವ ಪೆಟ್ಟಿಗೆಯ ಬಗ್ಗೆ ವಿಶೇಷವಾಗಿ ಎಚ್ಚರವಿರಲಿ. ಪಠ್ಯದಲ್ಲಿ ‘ಬಹುಶಃ’, ‘ಎನ್ನಲಾಗುತ್ತದೆ’ ಎಂದು ಬರೆಯಲು ಅವಕಾಶವಿದೆ. ‘ಸಂಬಂಧಿಕರು: ಗ್ವಿನ್ (ತಂದೆ)’ ಎಂಬ ಸಾಲಿನಲ್ಲಿ ಅಂಥ ಅವಕಾಶವಿಲ್ಲ. ಪುಟಗಳನ್ನು ಗುಂಪುಮಾಡುವ ವರ್ಗಗಳ ಕಥೆಯೂ ಅದೇ. ‘ಗ್ವಿನ್‌ನ ಕುಟುಂಬ’ ಎಂಬ ವರ್ಗಕ್ಕೆ ಪಾತ್ರವನ್ನು ಸೇರಿಸಿದಿರೋ, ಸೇರಿಸಿದ ಹಾಗೆಯೇ. ಆತುರದಲ್ಲಿರುವ ಓದುಗರು ನೋಡುವುದು ಈ ಪೆಟ್ಟಿಗೆಯನ್ನು ಮಾತ್ರ, ಸರ್ಚ್ ಎಂಜಿನ್‌ಗಳು ಎತ್ತಿ ತೋರಿಸುವುದೂ ಬಹಳ ಸಲ ಅದನ್ನೇ. ಆದ್ದರಿಂದ ಖಚಿತವಿಲ್ಲದ ಸಂಬಂಧವನ್ನು ಪೆಟ್ಟಿಗೆಯಲ್ಲಿ ಖಾಲಿ ಬಿಟ್ಟು ಪಠ್ಯದಲ್ಲಿ ವಿವರಿಸುವುದು ಮೇಲು.

ಇನ್ನು ‘ಯೂಟ್ಯೂಬಿನಲ್ಲಿ ಎಲ್ಲರೂ ಹೇಳುತ್ತಾರೆ’ ಎಂಬ ಮಾತು. ಇದೇ ಸರಣಿಯಲ್ಲಿ ಸೊಲೇರ್ ಎಂಬ ಸೂರ್ಯಭಕ್ತ ಯೋಧನಿದ್ದಾನೆ. ಮೊದಲ ಆಟ ಬಂದ ಬಳಿಕ ಕೆಲವು ವರ್ಷ ಅವನೇ ಗ್ವಿನ್‌ನ ಹಿರಿಯ ಮಗ ಎಂಬ ಸಿದ್ಧಾಂತ ಎಲ್ಲೆಡೆ ಓಡಾಡಿತ್ತು. ಎಷ್ಟೋ ಮಂದಿ ಅದನ್ನು ಸಿದ್ಧಾಂತವೆಂದೂ ಹೇಳದೆ ಸಂಗತಿಯೆಂದೇ ಹೇಳುತ್ತಿದ್ದರು. ಮೂರನೆಯ ಆಟ ಬಂದಮೇಲೆ ಆ ಸ್ಥಾನಕ್ಕೆ ನಿಮ್ಮ ರಾಜ ಬಂದು ಕುಳಿತ. ಅಂದು ಯಾವುದಾದರೂ ವಿಕಿ ಸೊಲೇರ್‌ನ ಪುಟದಲ್ಲಿ ‘ಗ್ವಿನ್‌ನ ಮಗ’ ಎಂದು ಬರೆದಿದ್ದರೆ ಅದಕ್ಕೂ ನಿಮಗೆ ಈಗ ಇರುವಷ್ಟೇ ವೀಡಿಯೊಗಳ ಬೆಂಬಲ ಇರುತ್ತಿತ್ತು. ಮೇಲಾಗಿ ವೀಡಿಯೊ ಮಾಡುವವರು ವಿಕಿಯನ್ನು ಓದಿ ಮಾಡುತ್ತಾರೆ, ವಿಕಿಯವರು ಆ ವೀಡಿಯೊ ನೋಡಿ ಬರೆಯುತ್ತಾರೆ. ಒಂದು ಊಹೆ ಹೀಗೆ ಎರಡು ಸುತ್ತು ಹೊಡೆದು ಬಂದರೆ ಅದರ ಮೂಲ ಯಾರಿಗೂ ತಿಳಿಯದಂತಾಗುತ್ತದೆ. ವೀಡಿಯೊವನ್ನು ‘ಹೀಗೊಂದು ಅಭಿಪ್ರಾಯವಿದೆ’ ಎಂಬುದಕ್ಕೆ ಆಧಾರವಾಗಿ ಕೊಡಬಹುದು, ಆಟದ ಸಂಗತಿಗೆ ಆಧಾರವಾಗಿ ಅಲ್ಲ.

ಆಧಾರಗಳಿಗೆ ದರ್ಜೆ ಕಟ್ಟುವ ವಿಷಯದಲ್ಲಿ ಎಲ್ಲ ವಿಕಿಗಳೂ ಒಂದೇ ಬಗೆಯಲ್ಲ, ಇರಬೇಕಾಗಿಯೂ ಇಲ್ಲ. ಅದು ಆಟದ ಸ್ವಭಾವವನ್ನು ಅವಲಂಬಿಸಿದೆ. ಝೆಲ್ಡಾ ಸರಣಿಯ ಅಭಿಮಾನಿಗಳು ಆಟಗಳ ಕಾಲಾನುಕ್ರಮದ ಬಗ್ಗೆ ವರ್ಷಗಟ್ಟಲೆ ಜಗಳವಾಡುತ್ತಿದ್ದರು. 2011ರ ಕೊನೆಯಲ್ಲಿ ಜಪಾನಿನಲ್ಲಿ ಬಂದ ಅಧಿಕೃತ ಪುಸ್ತಕವೊಂದು, 1998ರ ಒಕರೀನಾ ಆಫ್ ಟೈಮ್ ಆಟದ ನಂತರ ಕಥೆ ಮೂರು ಕವಲಾಗುತ್ತದೆ ಎಂದು ಸಾರಿತು. ಅವುಗಳಲ್ಲಿ ಒಂದು ನಾಯಕ ಸೋತುಹೋದ ಕವಲು. ಅದು ಆ ಆಟವನ್ನು ಆಡಿ ಮುಗಿಸಿದ ಯಾರೂ ಕಾಣದ ಮುಕ್ತಾಯ! ಕೆಲವು ವರ್ಷಗಳ ಬಳಿಕ ಅಧಿಕೃತ ಪಟ್ಟಿಯಲ್ಲಿಯೇ ಲಿಂಕ್ಸ್ ಅವೇಕನಿಂಗ್ ಆಟದ ಸ್ಥಾನ ಬದಲಾಯಿತು. ಆದ್ದರಿಂದ ಅಲ್ಲಿ ‘ಪುಸ್ತಕ ಹೇಳಿದೆ’ ಎಂದರೂ ಸಾಲದು, ಯಾವ ವರ್ಷದ ಪಟ್ಟಿ ಎಂದು ಹೇಳಬೇಕು. ಎಲ್ಡರ್ ಸ್ಕ್ರೋಲ್ಸ್‌ನಲ್ಲಿ ತೊಂದರೆ ಬೇರೆಯದು. ಆ ಆಟಗಳೊಳಗಿನ ಪುಸ್ತಕಗಳನ್ನು ಬರೆದವರು ಆ ಲೋಕದ ಪಾತ್ರಗಳೇ ಆಗಿದ್ದು, ಅವರು ಸುಳ್ಳು ಹೇಳಬಹುದು, ಪಕ್ಷಪಾತ ಮಾಡಬಹುದು. ತಯಾರಕರು ಆ ಪುಸ್ತಕಗಳನ್ನು ಬೇಕೆಂದೇ ಒಂದಕ್ಕೊಂದು ವಿರುದ್ಧವಾಗಿ ಬರೆಸಿದ್ದಾರೆ. 1996ರ ಡ್ಯಾಗರ್‌ಫಾಲ್‌ಗೆ ಹಲವು ಮುಕ್ತಾಯಗಳಿದ್ದವು. ಮುಂದಿನ ಆಟಗಳು ಅವುಗಳಲ್ಲಿ ಒಂದನ್ನು ಆರಿಸದೆ, ಕಾಲವೇ ಮುರಿದು ಎಲ್ಲವೂ ಒಟ್ಟಿಗೆ ನಡೆದವು ಎಂದುಬಿಟ್ಟವು. ಇಂಥ ಕಡೆ ‘ಆಟದಲ್ಲಿದೆ’ ಎಂಬುದರ ಜೊತೆಗೆ ‘ಆಟದೊಳಗೆ ಹೇಳಿದವರು ಯಾರು’ ಎಂಬುದೂ ಬೇಕು. ಸ್ಟಾರ್ ವಾರ್ಸ್‌ನವರ ದಾರಿ ಇನ್ನೂ ನೇರವಾದದ್ದು. 2014ರ ಏಪ್ರಿಲ್‌ನಲ್ಲಿ ಕಂಪನಿಯೇ ಹಳೆಯ ಕಥೆಗಳನ್ನೆಲ್ಲ ‘ಲೆಜೆಂಡ್ಸ್’ ಎಂದು ಬೇರ್ಪಡಿಸಿದ ಮೇಲೆ, ಅವರ ದೊಡ್ಡ ವಿಕಿಯಲ್ಲಿ ಒಂದೇ ಪಾತ್ರಕ್ಕೆ ಎರಡು ಪುಟಗಳಿರುತ್ತವೆ.

ಆಟದಿಂದ ಕೈಬಿಟ್ಟ ಭಾಗಗಳ ಬಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೂ ನನಗೂ ದಾವಣಗೆರೆಯ ಬೆಣ್ಣೆದೋಸೆ ಹೋಟೆಲಿನಲ್ಲಿ ನಡೆದ ವಾದವನ್ನು ಇಲ್ಲಿ ಹೇಳಬಹುದು. ಅವನು ಅಲ್ಲೇ ಎಂಜಿನಿಯರಿಂಗ್ ಓದುತ್ತಿದ್ದಾನೆ. ಮೊದಲ ಡಾರ್ಕ್ ಸೋಲ್ಸ್‌ನ ಆರಂಭದಲ್ಲಿ ಸೆರೆಯಿಂದ ನಮ್ಮನ್ನು ಬಿಡಿಸಿ, ಗಾಯ ಮಾಯಿಸುವ ಎಸ್ಟಸ್ ಫ್ಲಾಸ್ಕ್ ಕೊಟ್ಟು ಸಾಯುವ ಆಸ್ಕರ್ ಎಂಬ ಯೋಧನಿಗೆ ಮೂಲದಲ್ಲಿ ಇನ್ನೂ ದೊಡ್ಡ ಪಾತ್ರವಿತ್ತು ಎಂಬುದು ಆಟದ ಫೈಲ್‌ಗಳಲ್ಲಿ ಉಳಿದಿರುವ, ಬಳಕೆಯಾಗದ ಧ್ವನಿಮುದ್ರಣಗಳಿಂದ ತಿಳಿಯುತ್ತದೆ. ಹುಡುಗ ಬೆಣ್ಣೆ ಅಂಟಿದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಫೋನನ್ನು ನನ್ನ ಕಿವಿಗೆ ಹಿಡಿದು ಅದನ್ನು ಕೇಳಿಸಿದ. ‘ಫೈಲ್‌ನಾಗೆ ಐತಲ್ಲ ಸಾರ್, ಅಂದ್ಮೇಲೆ ಗೇಮ್‌ನಾಗೆ ಇದ್ದಂಗೇ ಅಲ್ವಾ?’ ಎಂದ. ‘ಹಂಗಲ್ಲಪ್ಪ, ಹೊಡೆದುಹಾಕಿದ ಸಾಲು ಉತ್ತರಪತ್ರಿಕೆಯಲ್ಲಿ ಕಾಣುತ್ತೆ, ಅದಕ್ಕೆ ನಾನು ಅಂಕ ಕೊಡ್ತೀನಾ?’ ಎಂದು ಕೇಳಿದೆ. ಅವನು ಒಪ್ಪಲಿಲ್ಲ, ತಯಾರಕರ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಎಲ್ಲಿದೆ ಎಂದು ಪಟ್ಟುಹಿಡಿದ. ಆ ಮಾತಿನಲ್ಲಿ ಹುರುಳಿದೆ. ಆದ್ದರಿಂದಲೇ ಒಳ್ಳೆಯ ವಿಕಿಗಳು ಇಂಥದ್ದನ್ನು ಎಸೆಯದೆ, ಪಾತ್ರದ ಕಥೆಯೊಳಗೆ ಬೆರೆಸದೆ, ‘ಕೈಬಿಟ್ಟ ಭಾಗ’ ಎಂಬ ಪ್ರತ್ಯೇಕ ಶೀರ್ಷಿಕೆಯ ಕೆಳಗೆ ಇಡುತ್ತವೆ. ತಯಾರಿಕೆಯ ಇತಿಹಾಸವಾಗಿ ಅದಕ್ಕೆ ಬೆಲೆ ಇದೆ.

ಆವೃತ್ತಿಯ ವಿಷಯವನ್ನೂ ಮರೆಯಬೇಡಿ. 2022ರಲ್ಲಿ ಬಂದ ಎಲ್ಡನ್ ರಿಂಗ್‌ಗೆ ಅದೇ ವರ್ಷದ ಮಾರ್ಚಿನಲ್ಲಿ ಬಂದ 1.03 ಪ್ಯಾಚ್ (ಪರಿಷ್ಕರಣೆ), ಜಾರ್-ಬೇರ್ನ್ ಎಂಬ ಹೊಸ ಪಾತ್ರವನ್ನು ಸೇರಿಸಿತು, ನೆಫೆಲಿ ಲೂ ಮುಂತಾದವರ ಕಥೆಯನ್ನು ಮುಂದುವರಿಸಿತು. ಅದಕ್ಕೆ ಮೊದಲು ಆಡಿ ‘ಈ ಪಾತ್ರದ ಕಥೆ ಇಲ್ಲಿಗೇ ನಿಲ್ಲುತ್ತದೆ’ ಎಂದು ಬರೆದವನೂ, ನಂತರ ಆಡಿ ಅದನ್ನು ತಿದ್ದಿದವನೂ ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದರು. ಉಲ್ಲೇಖದಲ್ಲಿ ಆವೃತ್ತಿಯ ಸಂಖ್ಯೆ ಇದ್ದರೆ ಇಂಥ ಅರ್ಧದಷ್ಟು ಜಗಳಗಳು ಹುಟ್ಟುವುದೇ ಇಲ್ಲ.

ಹಳಬರ ದರ್ಬಾರಿನ ಬಗ್ಗೆ ನಿಮಗಿರುವ ಸಿಟ್ಟು ಪೂರ್ತಿ ನಿರಾಧಾರವಲ್ಲ. ತಾನು ಕಟ್ಟಿದ ಪುಟ ತನ್ನ ಸ್ವಂತ ಜಮೀನು ಎಂಬಂತೆ ಬೇಲಿ ಹಾಕಿಕೊಂಡು ಕೂರುವವರು ಎಲ್ಲ ವಿಕಿಗಳಲ್ಲೂ ಇದ್ದಾರೆ. ಆದರೆ ಅದು ನಿಯಮದ ದೋಷವೋ ವ್ಯಕ್ತಿಯ ದೋಷವೋ ಎಂದು ತಿಳಿಯಲು ಒಂದು ಸುಲಭ ದಾರಿಯಿದೆ: ಆ ಸಂಪಾದಕರ ಹಳೆಯ ಸಂಪಾದನೆಗಳ ಪಟ್ಟಿಯನ್ನು ತೆರೆದು, ತಾವು ನಂಬುವ ಊಹೆಗಳಿಗೂ ಅವರು ಇದೇ ಕತ್ತರಿ ಹಾಕಿದ್ದಾರೆಯೇ ಎಂದು ನೋಡಿ. ಹಾಕಿದ್ದರೆ ಅವರು ನಿಷ್ಠುರರು ಅಷ್ಟೇ. ಇತರರ ಊಹೆಗೆ ಮಾತ್ರ ಕತ್ತರಿ, ತಮ್ಮದಕ್ಕೆ ರಿಯಾಯಿತಿ ಎಂದಾದರೆ ನೀವು ನಿರ್ವಾಹಕರಿಗೆ ದೂರು ಕೊಡಬಹುದು, ಆ ಎರಡೂ ಬಗೆಯ ಸಂಪಾದನೆಗಳ ಕೊಂಡಿಗಳನ್ನು ಜೊತೆಗಿಟ್ಟು.

ಸದ್ಯಕ್ಕೆ ಆ ವಾಕ್ಯವನ್ನು ಮತ್ತೊಮ್ಮೆ ಹಾಕಬೇಡಿ. ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಇತರರ ಸಂಪಾದನೆಯನ್ನು ರದ್ದುಮಾಡಿದವರನ್ನು ತಡೆಹಿಡಿಯಬಹುದು. ಅನೇಕ ಫ್ಯಾನ್ ವಿಕಿಗಳಲ್ಲಿ ಇದೇ ನಿಯಮ ಅಥವಾ ಇದಕ್ಕಿಂತ ಬಿಗಿಯಾದದ್ದು ಇರುತ್ತದೆ, ಮತ್ತು ಅಲ್ಲಿ ವಾದ ಯಾರದು ಸರಿ ಎಂದು ಯಾರೂ ಕೇಳುವುದಿಲ್ಲ. ಪುಟದ ಚರ್ಚೆ ಭಾಗಕ್ಕೆ ಹೋಗಿ ಹೊಸ ವಿಷಯ ತೆರೆಯಿರಿ. ‘ನೀವು ಏಕೆ ಅಳಿಸಿದಿರಿ’ ಎಂದು ಆರಂಭಿಸದೆ, ನಾನು ಮೇಲೆ ಕೊಟ್ಟ ಬಗೆಯ ಪಠ್ಯವನ್ನು ನಿಮ್ಮ ಮಾತಿನಲ್ಲಿ ಬರೆದಿಟ್ಟು, ಉಂಗುರದ ವಿವರಣೆ ಮತ್ತು ಆತ್ಮದ ವಿವರಣೆ ಎರಡರ ಸ್ಕ್ರೀನ್‌ಶಾಟ್‌ಗಳನ್ನು ಸೇರಿಸಿ, ‘ಇದರಲ್ಲಿ ಯಾವ ವಾಕ್ಯಕ್ಕೆ ಆಕ್ಷೇಪವಿದೆ?’ ಎಂದು ಕೇಳಿ. ಇಡೀ ಪ್ಯಾರಾವನ್ನು ‘ಊಹೆ’ ಎಂದು ತಳ್ಳಿಹಾಕುವುದು ಸುಲಭ. ಹೀಗೆ ವಾಕ್ಯವಾರು ಕೇಳಿದರೆ ಉತ್ತರವನ್ನೂ ವಾಕ್ಯವಾರು ಕೊಡಬೇಕಾಗುತ್ತದೆ. ಒಂದು ವಾರ ಕಾದು, ಉತ್ತರ ಬಾರದಿದ್ದರೆ ‘ಚರ್ಚೆ ಪುಟ ನೋಡಿ’ ಎಂಬ ಸಾರಾಂಶದೊಂದಿಗೆ ಹೊಸ ಪಠ್ಯವನ್ನು ಪುಟಕ್ಕೆ ಸೇರಿಸಿ. ಆಗಲೂ ತೆಗೆದರೆ, ಇಬ್ಬರಿಗೂ ಸಂಬಂಧವಿಲ್ಲದ ಮೂರನೆಯ ಸಂಪಾದಕರೊಬ್ಬರನ್ನು ಚರ್ಚೆಗೆ ಕರೆಯಿರಿ. ಅವರು ನಿಮ್ಮ ಗೆಳೆಯರಾಗಿರಬಾರದು.