ತಲಪಾಡಿ ದಾಟಿದರೆ ವಯರಿಂಗ್ ನಿಯಮ ಬದಲಾಗುತ್ತದಾ?

ದಾವಣಗೆರೆಯಿಂದ ಮಂಗಳೂರಿಗೆ ವರ್ಗವಾಗಿ ಬಂದಿದ್ದೀರಿ. ತಲಪಾಡಿ ಗಡಿ ದಾಟಿ, ಕೇರಳದ ಕಾಸರಗೋಡು ಜಿಲ್ಲೆಯ ಹೊಸಂಗಡಿ ಹತ್ತಿರ ಹಳೆಯ ಹಂಚಿನ ಮನೆ ಕೊಂಡಿದ್ದೀರಿ. ವಯರಿಂಗ್ ಪೂರ್ತಿ ಹೊಸದಾಗಿ ಆಗಬೇಕು, ಮಂಗಳೂರಿನ ಪರಿಚಯದ ಇಲೆಕ್ಟ್ರಿಷಿಯನ್ನನ್ನೇ ಕರೆದುಕೊಂಡು ಹೋಗಬಹುದಾ, ಅಲ್ಲಿ ಬೇರೆ ಕಾನೂನು ಉಂಟಾ ಅಂತ ಕೇಳಿದ್ದೀರಿ. ತೊಕ್ಕೊಟ್ಟಿನಲ್ಲಿ ನಮ್ಮದು ಇಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಗಿರಾಕಿಗಳು ಗಡಿಯ ಎರಡೂ ಕಡೆಯವರು. ಈ ಪ್ರಶ್ನೆ ಕೌಂಟರಿಗೆ ಆಗಾಗ ಬರುತ್ತದೆ.

ಮೊದಲು ಚುಟುಕಾಗಿ ಹೇಳುತ್ತೇನೆ. ಕೆಲಸ ಹೇಗೆ ಮಾಡಬೇಕು ಅನ್ನುವ ನಿಯಮ ಎರಡೂ ಕಡೆ ಒಂದೇ. ಯಾರು ಮಾಡಬೇಕು, ಯಾರು ಸಹಿ ಹಾಕಬೇಕು ಅನ್ನುವುದು ಮಾತ್ರ ತಲಪಾಡಿಯಲ್ಲಿ ಬದಲಾಗುತ್ತದೆ.

ವಿದ್ಯುತ್ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ಆದರೆ ಸುರಕ್ಷತೆಯ ನಿಯಮ ಮಾಡುವ ಕೆಲಸವನ್ನು 2003ರ ವಿದ್ಯುಚ್ಛಕ್ತಿ ಕಾಯಿದೆ ಕೇಂದ್ರ ವಿದ್ಯುತ್ ಪ್ರಾಧಿಕಾರಕ್ಕೆ ಕೊಟ್ಟಿದೆ. ಹಿಂದೆ ಇದ್ದದ್ದು 1956ರ ನಿಯಮಗಳು. ಆಮೇಲೆ 2010ರದ್ದು ಬಂತು, ಈಗ ನಡೆಯುತ್ತಿರುವುದು 2023ರದ್ದು. ಕಾಸರಗೋಡು ಕೇರಳಕ್ಕೆ ಸೇರಿದ್ದೂ 1956ರಲ್ಲೇ, ನವೆಂಬರ್ 1ಕ್ಕೆ. ಭಾಷೆ, ಆಡಳಿತ, ಬಸ್ಸಿನ ಬೋರ್ಡು ಎಲ್ಲದರ ಬಗ್ಗೆ ಜಗಳ ಆಯಿತು. ವಯರಿಂಗ್ ನಿಯಮದ ಬಗ್ಗೆ ಜಗಳ ಆಡಲು ಏನೂ ಇರಲಿಲ್ಲ. ಇದಲ್ಲದೆ ಭಾರತೀಯ ಮಾನಕಗಳು ಇವೆ: ವಯರಿಂಗಿಗೆ ಐಎಸ್ 732, ಅರ್ಥಿಂಗಿಗೆ ಐಎಸ್ 3043. ಇವೂ ದೇಶಕ್ಕೆಲ್ಲ ಒಂದೇ.

ಈಗ ಸಹಿಯ ವಿಷಯ. ಕೇಂದ್ರದ ನಿಯಮವೇ ಹೇಳುವ ಪ್ರಕಾರ, ವಯರಿಂಗ್ ಕೆಲಸವನ್ನು ರಾಜ್ಯ ಸರ್ಕಾರದ ಲೈಸೆನ್ಸ್ ಇರುವ ಕಂಟ್ರಾಕ್ಟರೇ ವಹಿಸಿಕೊಳ್ಳಬೇಕು. ಅರ್ಹತಾ ಪತ್ರ ಇರುವ ಸೂಪರ್‌ವೈಸರ್ ನಿಂತು ನೋಡಿಕೊಳ್ಳಬೇಕು. ಕೈಯಲ್ಲಿ ಇಕ್ಕಳ ಹಿಡಿಯುವವರ ಹತ್ತಿರ ರಾಜ್ಯ ಕೊಟ್ಟ, ಇಲ್ಲವೇ ರಾಜ್ಯ ಒಪ್ಪಿದ ಪರ್ಮಿಟ್ ಇರಬೇಕು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಾಯಿಸುವಂಥ ಸಣ್ಣ ಕೆಲಸಕ್ಕೆ ಇದು ಬೇಡ. ನೀವೇ ಮಾಡಿಕೊಳ್ಳಬಹುದು, ಮೇನ್ ಆಫ್ ಮಾಡಿದ್ದರೆ.

ಕರ್ನಾಟಕದಲ್ಲಿ ಈ ಲೈಸೆನ್ಸು, ಪರ್ಮಿಟ್ಟುಗಳು ವಿದ್ಯುತ್ ಪರಿವೀಕ್ಷಣಾಲಯದ ವ್ಯವಹಾರ. ನಮ್ಮ ಕಡೆ ಕರೆಂಟು ಹಂಚುವ ಮೆಸ್ಕಾಂ ಕೊಡುವುದಲ್ಲ. ಇಲ್ಲಿ ಸುಮಾರು ಜನ ತಪ್ಪು ತಿಳಿದಿದ್ದಾರೆ, ಮೆಸ್ಕಾಂ ಮೀಟರ್ ಹಾಕಿ ಹೋದರೆ ವಯರಿಂಗ್ ಪಾಸಾಯಿತು ಅಂತ. ಮೀಟರಿನಿಂದ ಒಳಗೆ ಇರುವುದಕ್ಕೆ ಜವಾಬ್ದಾರಿ ನಿಮ್ಮದು ಮತ್ತು ನಿಮ್ಮ ಕಂಟ್ರಾಕ್ಟರದು. ಕೇರಳದಲ್ಲಿ ಲೈಸೆನ್ಸಿಗೆ ಬೇರೆಯೇ ಒಂದು ಬೋರ್ಡ್ ಉಂಟು, ತಿರುವನಂತಪುರದಲ್ಲಿ. ನಮ್ಮಲ್ಲಿ ಕಂಟ್ರಾಕ್ಟರಿಗೆ 1ನೇ ದರ್ಜೆ, 2ನೇ ದರ್ಜೆ ಅಂತ ಇದ್ದರೆ ಅಲ್ಲಿ ಎ, ಬಿ, ಸಿ ಅಂತ.

ತಮಾಷೆ ಏನೆಂದರೆ, ಇಲೆಕ್ಟ್ರಿಷಿಯನ್ ಕಲಿತ ಐಟಿಐ ಸರ್ಟಿಫಿಕೇಟು ದೇಶಕ್ಕೆಲ್ಲ ನಡೆಯುತ್ತದೆ. ಮಂಗಳೂರಿನ ಐಟಿಐ ಹುಡುಗ ಕೊಚ್ಚಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕಬಹುದು. ಆದರೆ ಅವನ ವಯರ್‌ಮ್ಯಾನ್ ಪರ್ಮಿಟ್ಟಿಗೆ ರಾಜ್ಯದ ಬೇಲಿ ಉಂಟು. ಓದಿದ ಪುಸ್ತಕ ಒಂದೇ, ವಯರು ಒಂದೇ, 230 ವೋಲ್ಟೂ ಒಂದೇ. ನನ್ನನ್ನು ಕೇಳಿದರೆ ಈ ಪರ್ಮಿಟ್ಟಾದರೂ ಡ್ರೈವಿಂಗ್ ಲೈಸೆನ್ಸಿನ ಹಾಗೆ ಎಲ್ಲ ಕಡೆ ನಡೆಯಬೇಕಿತ್ತು. ಗಡಿಯಲ್ಲಿ ಇರುವವರಿಗೆ ಮಾತ್ರ ಇದರ ಕಿರಿಕಿರಿ ಗೊತ್ತಾಗುವುದು. ಬೆಂಗಳೂರಿನಲ್ಲಿ ಕೂತವರಿಗೂ ತಿರುವನಂತಪುರದಲ್ಲಿ ಕೂತವರಿಗೂ ಹೊಸಂಗಡಿ ದೂರ.

ಹಾಗಾದರೆ ನೀವು ಏನು ಮಾಡಬೇಕು? ಕೇರಳದ ಲೈಸೆನ್ಸ್ ಇರುವ ಕಂಟ್ರಾಕ್ಟರನ್ನು ಹಿಡಿಯಿರಿ. ಮಂಜೇಶ್ವರ, ಉಪ್ಪಳ, ಕಾಸರಗೋಡಿನಲ್ಲಿ ಸಿಗುತ್ತಾರೆ. ಕನ್ನಡ, ತುಳು ಎರಡೂ ಬರುವವರು ಬೇಕಾದಷ್ಟಿದ್ದಾರೆ, ಭಾಷೆಗೆ ಹೆದರಬೇಡಿ. ನಿಮ್ಮದು ಕೆಎಸ್‌ಇಬಿ (ಕೇರಳದ ವಿದ್ಯುತ್ ಕಂಪನಿ) ಮೀಟರ್. ಲೋಡ್ ಜಾಸ್ತಿ ಮಾಡಿಸುವುದಾದರೆ, ಸಿಂಗಲ್ ಫೇಸಿನಿಂದ ತ್ರೀ ಫೇಸಿಗೆ ಹೋಗುವುದಾದರೆ, ಕೆಲಸ ಮುಗಿದ ರಿಪೋರ್ಟಿನಲ್ಲಿ ಅಂಥವರ ಸಹಿಯೇ ಬೇಕು. ಮಂಗಳೂರಿನ ನಿಮ್ಮ ಮಿತ್ರರು ಎಷ್ಟೇ ಒಳ್ಳೆಯ ಕೆಲಸಗಾರ ಆಗಿರಲಿ, ಅವರ ಸಹಿ ಆ ಕಾಗದದಲ್ಲಿ ನಡೆಯುವುದಿಲ್ಲ. ಅವರನ್ನು ಸಲಹೆಗೆ ಕರೆದುಕೊಂಡು ಹೋಗಿ. ಕೆಲಸ ನೋಡುವ ಎರಡನೇ ಕಣ್ಣು ಇದ್ದರೆ ಒಳ್ಳೆಯದೇ.

ಇಲ್ಲಿ ಒಂದು ಕೆಟ್ಟ ಅಭ್ಯಾಸದ ಬಗ್ಗೆ ಹೇಳಲೇಬೇಕು. ಕೆಲಸ ಮಾಡುವವನೊಬ್ಬ, ಸಹಿ ಹಾಕುವವನೊಬ್ಬ. ಲೈಸೆನ್ಸ್ ಇರುವವರು ಮನೆಗೆ ಕಾಲಿಡದೆ, ಇಷ್ಟು ಅಂತ ತೆಗೆದುಕೊಂಡು ಫಾರ್ಮಿಗೆ ಸಹಿ ಹಾಕಿಬಿಡುತ್ತಾರೆ. ಎರಡೂ ರಾಜ್ಯದಲ್ಲಿ ಇದು ಉಂಟು. ಆ ಫಾರ್ಮಿನಲ್ಲಿ ಇನ್ಸುಲೇಷನ್ ಎಷ್ಟು, ಅರ್ಥ್ ರೆಸಿಸ್ಟೆನ್ಸ್ ಎಷ್ಟು ಅಂತ ಅಂಕಿ ಬರೆಯಬೇಕು. ಅಳತೆ ಮಾಡದೆ ಅಂದಾಜಿಗೆ ಬರೆದ ಅಂಕಿಗೆ ಏನು ಬೆಲೆ? ಕಂಟ್ರಾಕ್ಟರಿಗೆ ಹೇಳಿ, ಇನ್ಸುಲೇಷನ್ ಅಳೆಯುವ ಮೆಗ್ಗರ್ ತಂದು ನನ್ನ ಎದುರಿಗೇ ಟೆಸ್ಟ್ ಮಾಡಿ ಅಂತ. ಮುಖ ಸಿಂಡರಿಸಿದರೆ ಬೇರೆಯವರನ್ನು ನೋಡಿ.

ಸಾಮಾನಿನ ಚೀಟಿ ನೋಡಿದರೆ ಗಿರಾಕಿ ಯಾವ ಕಡೆಯವರು ಅಂತ ನನಗೆ ಸುಮಾರಾಗಿ ಗೊತ್ತಾಗುತ್ತದೆ. ಕೇರಳದ ಕಡೆಯ ಚೀಟಿಯಲ್ಲಿ ಇಎಲ್‌ಸಿಬಿ (ಶಾಕಿನಿಂದ ಕಾಯುವ ಸ್ವಿಚ್ಚು) ಇಲ್ಲದೆ ಇರುವುದು ಕಮ್ಮಿ. ನಮ್ಮ ಕಡೆಯ ಹಳೇ ಗಿರಾಕಿಗಳು ಈಗಲೂ "ಎಂಸಿಬಿ ಉಂಟಲ್ಲ ಮಾರಾಯ್ರೆ, ಅದು ಎಂತಕ್ಕೆ?" ಅಂತ ಕೇಳುತ್ತಾರೆ. ಎಂಸಿಬಿ ಇರುವುದು ವಯರು ಸುಡದ ಹಾಗೆ ನೋಡಿಕೊಳ್ಳಲಿಕ್ಕೆ. 6 ಆಂಪಿನ ಎಂಸಿಬಿ 6 ಆಂಪ್ ತನಕ ಸುಮ್ನೆ ಕೂತಿರುತ್ತದೆ. ಮನುಷ್ಯನನ್ನು ಕೊಲ್ಲಲು ಒಂದು ಆಂಪಿನ ಹತ್ತನೇ ಒಂದು ಭಾಗವೇ ಸಾಕು. ಅಂಗಡಿಯಲ್ಲಿ ಎಲ್ಲರೂ ಇಎಲ್‌ಸಿಬಿ ಅನ್ನುವ, ಪೆಟ್ಟಿಗೆಯ ಮೇಲೆ ಆರ್‌ಸಿಸಿಬಿ ಅಂತ ಇರುವ ಸಾಧನ ಬೇರೆ ಕೆಲಸ ಮಾಡುತ್ತದೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ವಾಪಸ್ ಬಂತಾ ಅಂತ ನೋಡುತ್ತಾ ಇರುತ್ತದೆ. 30 ಮಿಲಿ ಆಂಪ್ ಲೆಕ್ಕ ತಪ್ಪಿದರೂ, ಅಂದರೆ ಯಾರದೋ ಮೈಮೇಲೆ ಹಾದು ನೆಲಕ್ಕೆ ಹೋದರೂ, ಕ್ಷಣದಲ್ಲಿ ಕಟ್ ಮಾಡುತ್ತದೆ. ಮನೆಗೆ 30 ಮಿಲಿ ಆಂಪಿನದ್ದೇ ಹಾಕಿ. ಮಾರುವವನ ಮಾತು ಅಂತ ತಳ್ಳಿ ಹಾಕಬೇಡಿ. ಲಾಭ ಬೇಕೆಂದರೆ ನಾನು ಫ್ಯಾನ್ಸಿ ಲೈಟೇ ಮಾರುತ್ತಿದ್ದೆ.

ಮಳೆಗಾಲ ಶುರುವಾಯಿತೆಂದರೆ ಇದರ ಮೇಲೆ ದೂರು ಬರುತ್ತದೆ. ಪದೇ ಪದೇ ಬೀಳುತ್ತದೆ, ಸಾಧನ ಹಾಳಾಗಿದೆ, ತೆಗೆದುಬಿಡುತ್ತೇವೆ ಅಂತ. ನಿಜವಾದ ಕಾರಣ ಹೆಚ್ಚಾಗಿ ಹೊರಗೆ ಇರುತ್ತದೆ. ಗೇಟಿನ ಲೈಟಿಗೆ ಹೋದ ವಯರು, ಬಾವಿಯ ಪಂಪಿಗೆ ಟೇಪ್ ಸುತ್ತಿ ಮಾಡಿದ ಜಾಯಿಂಟು. ಆಟಿ ತಿಂಗಳ ಮಳೆಯಲ್ಲಿ ಆ ಟೇಪ್ ಒದ್ದೆಯಾಗದೆ ಇರುತ್ತದಾ? ಇನ್ನು ಕೆಲವು ಕಡೆ ಇಲೆಕ್ಟ್ರಿಷಿಯನ್ ಒಂದು ಸರ್ಕ್ಯೂಟಿನ ನ್ಯೂಟ್ರಲನ್ನು ಇನ್ನೊಂದಕ್ಕೆ ಸಿಕ್ಕಿಸಿರುತ್ತಾರೆ. ಆಗಲೂ ಲೆಕ್ಕ ತಪ್ಪಿ ಬೀಳುತ್ತದೆ. ಹೊರಗಿನ ಲೈಟು, ಪಂಪಿಗೆ ಬೇರೆ ಇಎಲ್‌ಸಿಬಿ ಹಾಕಿಸಿ. ಆಗ ಹೊರಗೆ ತೇವ ಆದರೆ ಮನೆಯೊಳಗೆ ಕತ್ತಲಾಗುವುದಿಲ್ಲ, ತೆಗೆದು ಹಾಕುವ ಆಸೆಯೂ ಬರುವುದಿಲ್ಲ.

ಅರ್ಥಿಂಗಿನ ವಿಷಯದಲ್ಲಿ ಗಡಿ ಇರುವುದು ರಾಜ್ಯಗಳ ನಡುವೆ ಅಲ್ಲ, ಮಣ್ಣಿನ ನಡುವೆ. ದಾವಣಗೆರೆಯ ಕಪ್ಪು ಮಣ್ಣು ನೀರು ಹಿಡಿದುಕೊಳ್ಳುತ್ತದೆ. ನಮ್ಮ ಮುರಕಲ್ಲಿನ ನೆಲ ಹಾಗಲ್ಲ. ಜೂನಿನಿಂದ ಎಷ್ಟು ಮಳೆ ಸುರಿದರೂ ಮಾರ್ಚಿಗೆ ಒಣಗಿ ಗಟ್ಟಿ ಆಗುತ್ತದೆ. ಮಳೆಗಾಲದಲ್ಲಿ ಅಳೆದರೆ ಅರ್ಥ್ ಚೆನ್ನಾಗಿದೆ ಅನಿಸುತ್ತದೆ, ಏಪ್ರಿಲಿನಲ್ಲಿ ಅಳೆದರೆ ಗೊತ್ತಾಗುವುದು ಅದರ ಬಣ್ಣ. ಆದ್ದರಿಂದ ಅರ್ಥ್ ಪೈಪನ್ನು ಬಟ್ಟೆ ಒಗೆಯುವ ಕಲ್ಲಿನ ನೀರು ಹರಿಯುವ ಕಡೆ ಹಾಕಿಸುವುದು ಒಳ್ಳೆಯದು. ಉಳ್ಳಾಲ, ಸೋಮೇಶ್ವರ, ಮಲ್ಪೆಯಂಥ ಕಡಲ ಕರೆಯ ಊರಿನಲ್ಲಿ ಸಮಸ್ಯೆ ಉಲ್ಟಾ ಆಗುತ್ತದೆ. ತೇವ ಬೇಕಾದಷ್ಟು ಉಂಟು, ಆದರೆ ಉಪ್ಪು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ತಿಂದು ಹಾಕುತ್ತದೆ. ಅಲ್ಲಿ ತಾಮ್ರ ಲೇಪಿಸಿದ ರಾಡ್ ಹಾಕಿಸುವವರು ಜಾಸ್ತಿ.

ಹಳೆಯ ಮನೆ ಅಂದಿರಲ್ಲ, ಒಂದನ್ನು ಖಂಡಿತ ಪರೀಕ್ಷೆ ಮಾಡಿಸಿ. ಅರ್ಥ್ ಗುಂಡಿ ತೋಡುವ ಖರ್ಚು ಉಳಿಸಲು ಕೆಲವರು ಸಾಕೆಟ್ಟಿನೊಳಗೆ ಅರ್ಥನ್ನೂ ನ್ಯೂಟ್ರಲನ್ನೂ ಒಂದು ತುಂಡು ವಯರಿನಿಂದ ಸೇರಿಸಿಬಿಟ್ಟಿರುತ್ತಾರೆ. ಟೆಸ್ಟರಿಗೆ ಗೊತ್ತಾಗುವುದಿಲ್ಲ, ಎಲ್ಲವೂ ಸರಿಯಾಗಿ ನಡೆಯುತ್ತದೆ. ಒಂದು ದಿನ ತೆಂಗಿನ ಮಡಲು ಲೈನಿನ ಮೇಲೆ ಬಿದ್ದು ನ್ಯೂಟ್ರಲ್ ತುಂಡಾಗುತ್ತದೆ. ಆಗ ಫ್ರಿಜ್ಜು, ವಾಷಿಂಗ್ ಮಷಿನ್ನು, ಗೀಸರು ಎಲ್ಲದರ ಕಬ್ಬಿಣದ ಮೈಗೆ ಫೇಸ್ ಬರುತ್ತದೆ. ನಮ್ಮ ಊರಿನಲ್ಲಿ ಮಡಲು ಬೀಳದ ದಿನ ಉಂಟಾ?

ಗಲ್ಫಿನ ವಿಷಯ ಹೇಳದೆ ಮುಗಿಸಿದರೆ ಕರಾವಳಿಯ ವಯರಿಂಗ್ ಕತೆ ಅರ್ಧ ಆಗುತ್ತದೆ. ನೀವು ಕೊಂಡ ಮನೆಯವರೂ ಅಲ್ಲಿದ್ದವರೇ ಅಂತ ಬರೆದಿದ್ದೀರಿ. ದುಬೈಯಲ್ಲಿರುವುದು ಬ್ರಿಟಿಷ್ ನಮೂನೆಯ ಚೌಕ ಪಿನ್ನಿನ ಸಾಕೆಟ್. ಆ ಪ್ಲಗ್ಗಿನ ಹೊಟ್ಟೆಯಲ್ಲೇ ಒಂದು ಫ್ಯೂಸ್ ಇರುತ್ತದೆ. ಹಾಗಾಗಿ ಬ್ರಿಟಿಷ್ ಪದ್ಧತಿಯಲ್ಲಿ ಇಡೀ ಸಾಲಿನ ಸಾಕೆಟ್ಟುಗಳಿಗೆ 32 ಆಂಪಿನ ಒಂದೇ ಬ್ರೇಕರ್ ಇದ್ದರೂ ನಡೆಯುತ್ತದೆ, ಮಿಕ್ಸಿಯ ವಯರನ್ನು ಪ್ಲಗ್ಗಿನ ಫ್ಯೂಸ್ ಕಾಯುತ್ತದೆ. ನಮ್ಮ ಗುಂಡು ಪಿನ್ನಿನ 6 ಆಂಪ್, 16 ಆಂಪ್ ಪ್ಲಗ್ಗಿನಲ್ಲಿ ಫ್ಯೂಸ್ ಇಲ್ಲ. ಅಲ್ಲಿ ಕಲಿತು ಬಂದವರು ಅದೇ ಪದ್ಧತಿಯನ್ನು ಇಲ್ಲಿ ಮಾಡಿದರೆ ಸಪೂರ ವಯರು ಕಾದು ಕರಗಿದರೂ 32 ಆಂಪಿನ ಬ್ರೇಕರ್ ಅಲುಗಾಡುವುದಿಲ್ಲ. ಅಲ್ಲಿ ಸರಿಯಾದದ್ದೇ ಇಲ್ಲಿ ಅಪಾಯ. ಸೌದಿಯಿಂದ ಬಂದ ಮೋಟಾರಿನ ಸಾಮಾನು ಇನ್ನೊಂದು ಕತೆ. ಅಲ್ಲಿಯ ಕರೆಂಟು 60 ಹರ್ಟ್ಜ್, ನಮ್ಮದು 50. ಹಳೆಯ ಮನೆಗಳಲ್ಲಿ 127 ವೋಲ್ಟೂ ಇತ್ತು. ಅಟ್ಟದಲ್ಲಿ ಅಂಥದ್ದೇನಾದರೂ ಸಿಕ್ಕಿದರೆ ಪ್ಲಗ್ಗಿಗೆ ಹಾಕಿ ನೋಡಲು ಹೋಗಬೇಡಿ.

ವಯರಿನ ಬಣ್ಣವೂ ಹೀಗೆಯೇ. ನಮ್ಮಲ್ಲಿ ಕೆಂಪು, ಹಳದಿ, ನೀಲಿ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಯುರೋಪಿನಲ್ಲಿ ನೀಲಿಯೇ ನ್ಯೂಟ್ರಲ್. ಅಮೆರಿಕದಲ್ಲಿ ಕಪ್ಪು ಫೇಸ್, ಬಿಳಿ ನ್ಯೂಟ್ರಲ್. ಅಮೆರಿಕದಲ್ಲಿರುವ ಮಗ ವಿಡಿಯೋ ಕಾಲಿನಲ್ಲಿ "ಕಪ್ಪು ಮುಟ್ಟಬೇಡ, ಉಳಿದದ್ದು ಪರವಾಗಿಲ್ಲ" ಅಂತ ಹೇಳಿದರೆ ಏನಾದೀತು ಯೋಚಿಸಿ. ಅಲ್ಲಿಯೂ ನಮ್ಮ ಹಾಗೇ ಗೊಂದಲ ಇದೆ ಅನ್ನುವುದು ಒಂದು ಸಮಾಧಾನ. ಕೋಡ್ ಪುಸ್ತಕ ದೇಶಕ್ಕೆಲ್ಲ ಒಂದೇ, 3 ವರ್ಷಕ್ಕೊಮ್ಮೆ ಹೊಸದು ಬರುತ್ತದೆ. ಆದರೆ ಯಾವ ವರ್ಷದ ಪುಸ್ತಕ ಅಂತ ಒಂದೊಂದು ರಾಜ್ಯ ಒಂದೊಂದು ತೀರ್ಮಾನ ಮಾಡುತ್ತದೆ. ಇಲೆಕ್ಟ್ರಿಷಿಯನ್ ಲೈಸೆನ್ಸನ್ನು ಕೆಲವು ಕಡೆ ರಾಜ್ಯ ಕೊಟ್ಟರೆ, ನ್ಯೂಯಾರ್ಕ್, ಇಲಿನಾಯ್ ಥರದ ಕಡೆ ಊರಿನ ಆಡಳಿತವೇ ಕೊಡುತ್ತದೆ.

ಕೊನೆಗೆ ನಿಮ್ಮ ಪತ್ರದಲ್ಲಿದ್ದ ಉಳಿದ ಪ್ರಶ್ನೆಗಳು. ಕೆಎಸ್‌ಇಬಿ ಬಿಲ್ಲು ಮನೆಗಳಿಗೆ ಎರಡು ತಿಂಗಳಿಗೊಮ್ಮೆ ಬರುತ್ತದೆ, ಮೊತ್ತ ನೋಡಿ ಗಾಬರಿ ಆಗಬೇಡಿ. ಗೃಹಜ್ಯೋತಿ ಅಲ್ಲಿ ಇಲ್ಲ, ಅದು ಕರ್ನಾಟಕದ ಯೋಜನೆ. ದೂರು ಕೊಡುವ ನಂಬರು ಎರಡೂ ಕಡೆ 1912. ಜನರೇಟರ್ ಇಡುವುದಾದರೆ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಇಡಬೇಡಿ. ಇಲ್ಲದಿದ್ದರೆ ನಿಮ್ಮ ಮನೆಯ ಕರೆಂಟು ವಾಪಸ್ ಲೈನಿಗೆ ಹೋಗಿ ಕಂಬದ ಮೇಲಿರುವ ಲೈನ್‌ಮ್ಯಾನಿಗೆ ಹೊಡೆಯುತ್ತದೆ. ತೋಟದ ಅಡಿಕೆ ಕೊಯ್ಯಲು ಕಾರ್ಬನ್ ಫೈಬರ್ ದೋಟಿ ತರುತ್ತೇನೆ ಅಂದಿದ್ದೀರಿ. ಹಗುರ ಅಂತ ಎಲ್ಲರೂ ತರುತ್ತಿದ್ದಾರೆ. ಆದರೆ ಅದೂ ಅಲ್ಯೂಮಿನಿಯಂ ದೋಟಿಯ ಹಾಗೆ ಕರೆಂಟು ಹಿಡಿಯುತ್ತದೆ, ಲೈನಿನ ಹತ್ತಿರದ ಮರಕ್ಕೆ ಎತ್ತಬೇಡಿ. ಆ ಮರಗಳ ಕೊಯ್ಲಿಗೆ ಕೆಎಸ್‌ಇಬಿ ಸೆಕ್ಷನ್ ಆಫೀಸಿಗೆ ಮೊದಲೇ ಹೇಳಿ ಲೈನ್ ಆಫ್ ಮಾಡಿಸಿ. ಕಂಟ್ರಾಕ್ಟರ್ ಸಿಕ್ಕಿದ ಮೇಲೆ ಲೈಸೆನ್ಸಿನ ಅವಧಿ ಮುಗಿದಿಲ್ಲ ಅಂತ ನೋಡಿಕೊಂಡು, ಒಂದು ಜೆರಾಕ್ಸ್ ಇಟ್ಟುಕೊಳ್ಳಿ. ಸಾಮಾನು ಎಲ್ಲಿಂದ ತಂದರೂ ಸರಿ, ಐಎಸ್‌ಐ ಗುರುತು ಇರಲಿ, ಬಿಲ್ಲು ನಿಮ್ಮ ಹೆಸರಿನಲ್ಲಿ ಇರಲಿ.